ಗೇಮ್ ಪ್ರಶ್ನೋತ್ತರ: ಮೂರನೇ ರೌಂಡಿಗೆ ದುಡ್ಡು ಏಕೆ ಸಾಲುವುದಿಲ್ಲ?

ಪ್ರಶ್ನೆ: ನಾವು ಐವರು ಗೆಳೆಯರು ಕೌಂಟರ್-ಸ್ಟ್ರೈಕ್ 2 ಎಂಬ ಶೂಟಿಂಗ್ ಗೇಮ್ ಆಡುತ್ತೇವೆ. ಟಿ ಕಡೆ (ಬಾಂಬ್ ಇಡುವ ತಂಡ) ಇದ್ದಾಗ ಪಿಸ್ತೂಲ್ ರೌಂಡ್ (ಮೊದಲ ರೌಂಡ್) ಸೋತರೆ, ಎರಡನೇ ರೌಂಡಿಗೆ ಗಲೀಲ್ ರೈಫಲ್ ತಗೋತೀವಿ. ಅದೂ ಸೋತರೆ ಮೂರನೆಯದಕ್ಕೆ ಎಕೆ-47 ಕೊಳ್ಳೋಕೆ ಕೈಯಲ್ಲಿ ಕಾಸೇ ಇರಲ್ಲ. ಎಲ್ಲಿ ಎಡವುತ್ತಿದ್ದೇವೆ?
- ಕುವೆಂಪುನಗರ, ಮೈಸೂರು

ಉತ್ತರ: ಎಡವುತ್ತಿರುವುದು ಆ ಗಲೀಲಿನಲ್ಲೇ. ಲೆಕ್ಕ ಹಾಕಿ ನೋಡಿ. ಶುರುವಿನಲ್ಲಿ ಗೇಮಿನೊಳಗೆ ಸಿಗುವ 800 ಡಾಲರಿನಲ್ಲಿ 650 ಕೊಟ್ಟು ಕೆವ್ಲಾರ್ (ಗುಂಡು ತಡೆಯುವ ಕವಚ) ಕೊಂಡರೆ 150 ಉಳಿಯಿತು. ಪಿಸ್ತೂಲ್ ರೌಂಡ್ ಸೋತಿದ್ದಕ್ಕೆ 1,900 ಬಂತು. ಒಟ್ಟು 2,050. ಇದರಲ್ಲಿ 1,800 ಗಲೀಲಿಗೆ ಹೋದರೆ ಉಳಿದ 250ರಲ್ಲಿ ಕೆವ್ಲಾರ್ ಕೂಡ ಬರುವುದಿಲ್ಲ. ಮೈಮೇಲೆ ಕೆವ್ಲಾರ್ ಇಲ್ಲದೆ ಗುಂಡು ತಗುಲಿದರೆ ನಿಮ್ಮ ಗುರಿ ಜೋರಾಗಿ ಅಲುಗಾಡುತ್ತದೆ, ಒಳ್ಳೆಯ ಗನ್ ಇದ್ದೂ ಕೆಲಸಕ್ಕೆ ಬಾರದು. ಅದರ ಮೇಲೆ, ಹೆಲ್ಮೆಟ್ ಹಾಕಿದವನ ತಲೆಗೆ ಗಲೀಲಿನ ಒಂದೇ ಗುಂಡು ಬಿದ್ದರೆ ಅವನು ಸಾಯುವುದೂ ಇಲ್ಲ. ಆ ರೌಂಡೂ ಸೋತರೆ ಬರುವ 2,400 ಸೇರಿ ಕೈಯಲ್ಲಿ 2,650. ಎಕೆ ಬೆಲೆ 2,700!

ಅದೇ ಎರಡನೇ ರೌಂಡಿನಲ್ಲಿ ಏನೂ ಕೊಳ್ಳದೆ ಈಕೋ ಮಾಡಿದ್ದರೆ (ಅಂದರೆ ಹಣ ಉಳಿಸಿದ್ದರೆ) ಮೂರನೆಯದಕ್ಕೆ 4,450 ಇರುತ್ತಿತ್ತು. ಎಕೆ 2,700, ಹೆಲ್ಮೆಟ್ ಸಹಿತ ಕೆವ್ಲಾರ್ 1,000, ಸ್ಮೋಕ್ (ಹೊಗೆ ಗ್ರೆನೇಡ್) 300, ಎರಡು ಫ್ಲ್ಯಾಷ್ (ಕಣ್ಣು ಕುಕ್ಕುವ ಗ್ರೆನೇಡ್) 400. ಸೇರಿ 4,400. ಈಕೋದಲ್ಲಿ ಬರಿಗೈಯಲ್ಲಿ ಹೋಗಲು ಮನಸ್ಸಿಲ್ಲದಿದ್ದರೆ 300 ಕೊಟ್ಟು ಪಿ250 ಪಿಸ್ತೂಲ್ ತಗೊಳ್ಳಿ. ಆಗಲೂ ಮೂರನೆಯದಕ್ಕೆ ಎಕೆ, ಹೆಲ್ಮೆಟ್ ಸಹಿತ ಕೆವ್ಲಾರ್, ಒಂದು ಸ್ಮೋಕ್ ಬರುತ್ತವೆ. ಫ್ಲ್ಯಾಷ್ ಮಾತ್ರ ಇರುವುದಿಲ್ಲ.

ಎರಡನೇ ರೌಂಡನ್ನು ಗೆಲ್ಲಲೇಬೇಕು ಎಂದಿದ್ದರೆ ಮ್ಯಾಕ್-10 (1,050) ಮತ್ತು ಕೆವ್ಲಾರ್ (650) ಗಲೀಲಿಗಿಂತ ಎಷ್ಟೋ ಮೇಲು. ಮ್ಯಾಕ್-10ರಲ್ಲಿ ಒಂದು ಕಿಲ್‌ಗೆ 600 ಸಿಗುತ್ತದೆ, ಎಕೆಯಲ್ಲಿ ಸಿಗುವುದು 300. ಎರಡು ಕಿಲ್ ತೆಗೆದು ಸೋತರೂ ಮುಂದಿನ ರೌಂಡಿಗೆ 3,950 ಇರುತ್ತದೆ, ಎಕೆಗೂ ಕೆವ್ಲಾರ್‌ಗೂ ಸಾಕು. ಆದರೆ ಇದು ಹತ್ತಿರದಿಂದ ನುಗ್ಗಿ ಹೊಡೆಯುವ ಗನ್. ಉದ್ದದ ಜಾಗಗಳಲ್ಲಿ ನಿಂತು ಕಾಯಬೇಡಿ.

ಏನೇ ಮಾಡಿದರೂ ಐವರೂ ಒಟ್ಟಿಗೆ ಮಾಡಬೇಕು. ಇಬ್ಬರು ಕೊಂಡು ಮೂವರು ಉಳಿಸಿದರೆ ಈ ರೌಂಡೂ ಹೋಗುತ್ತದೆ, ಮುಂದಿನ ರೌಂಡಿಗೆ ಆ ಇಬ್ಬರು ಪಿಸ್ತೂಲಿನಲ್ಲೇ ಬರುತ್ತಾರೆ. ನಿಮ್ಮ ಐದು ಪರ್ಸನ್ನೂ ಒಂದೇ ಪರ್ಸ್ ಎಂದುಕೊಳ್ಳಿ. ಒಬ್ಬನ ಹತ್ತಿರ 7,000 ಇದೆ, ಇನ್ನೊಬ್ಬನ ಹತ್ತಿರ 1,500 ಇದೆ ಎನ್ನಿ. ಇದ್ದವನು ತನಗೆ ಎಕೆ, ಕೆವ್ಲಾರ್-ಹೆಲ್ಮೆಟ್, ಸ್ಮೋಕ್, ಒಂದು ಫ್ಲ್ಯಾಷ್ ಎಂದು 4,200 ಖರ್ಚು ಮಾಡಿ, ಇನ್ನೊಂದು ಎಕೆ ಕೊಂಡು ಗೆಳೆಯನಿಗೆ ಡ್ರಾಪ್ ಮಾಡಲಿ (ನೆಲಕ್ಕೆ ಹಾಕಿ ಕೊಡಲಿ). ಆ ಗೆಳೆಯ ತನ್ನ 1,500ರಲ್ಲಿ ಕೆವ್ಲಾರ್-ಹೆಲ್ಮೆಟ್, ಸ್ಮೋಕ್, ಫ್ಲ್ಯಾಷ್ ಮೂರನ್ನೂ ತಗೊಳ್ಳುತ್ತಾನೆ.

ಇನ್ನೊಂದು ಮಾತು. ಟಿ ಕಡೆಯವರು ಬಾಂಬ್ ಇಡದೆ ಸಮಯ ಮುಗಿದು ಸೋತರೆ, ಬದುಕಿ ಉಳಿದವರಿಗೆ ಆ ರೌಂಡಿನ ಸೋಲಿನ ಹಣ ಸಿಗುವುದಿಲ್ಲ. ಮೂಲೆಯಲ್ಲಿ ಅಡಗಿ ಮುಂದಿನ ರೌಂಡಿಗೆ ಗನ್ ಉಳಿಸುವ ಮೊದಲು ಇದನ್ನು ನೆನಪಿಡಿ: ಎಕೆ ಉಳಿಸಿದರೆ ಲಾಭ, ಪಿಸ್ತೂಲ್ ಉಳಿಸಿದರೆ ಶುದ್ಧ ನಷ್ಟ.

ಪ್ರಶ್ನೆ: ಸಿಟಿ ಕಡೆ (ಬಾಂಬ್ ತಡೆಯುವ ತಂಡ) 3,900 ಇದ್ದಾಗ ಎಂ4ಎ1-ಎಸ್ ರೈಫಲ್ ಮತ್ತು ಹೆಲ್ಮೆಟ್ ಸಹಿತ ಕೆವ್ಲಾರ್ ಕೊಂಡರೆ ಎಲ್ಲ ಖಾಲಿ. ಒಂದು ಸ್ಮೋಕ್ ಕೂಡ ಇಲ್ಲದೆ ಬಾಂಬ್ ಸೈಟ್ (ಬಾಂಬ್ ಇಡುವ ಜಾಗ) ಕಾಯೋದು ಹೇಗೆ?
- ಮದ್ದೂರು, ಮಂಡ್ಯ ಜಿಲ್ಲೆ

ಉತ್ತರ: ಹೆಲ್ಮೆಟ್ ಬಿಡಿ. ಎದುರಾಳಿಗಳ ಕೈಯಲ್ಲಿ ಎಕೆ ಇದ್ದರೆ ತಲೆಗೆ ಬಿದ್ದ ಒಂದೇ ಗುಂಡಿಗೆ ಹೆಲ್ಮೆಟ್ ಇದ್ದರೂ ಸಾವು, ಇಲ್ಲದಿದ್ದರೂ ಸಾವು. ಬರೀ ಕೆವ್ಲಾರ್ ಕೊಂಡರೆ 350 ಉಳಿಯುತ್ತದೆ, ಅದರಲ್ಲಿ ಸ್ಮೋಕ್ ಬರುತ್ತದೆ. ಇನ್ನೂ ಐವತ್ತು ಇದ್ದಿದ್ದರೆ ಸ್ಮೋಕ್ ಬದಲು 400ರ ಡಿಫ್ಯೂಸ್ ಕಿಟ್ ಕೊಳ್ಳಬಹುದಿತ್ತು. ಕಿಟ್ ಇಲ್ಲದೆ ಬಾಂಬ್ ಬಿಚ್ಚಲು 10 ಸೆಕೆಂಡ್, ಇದ್ದರೆ 5. ಬಾಂಬ್ ಸಿಡಿಯಲು 40 ಸೆಕೆಂಡ್ ಮಾತ್ರ ಇರುವುದರಿಂದ ಆ ಐದು ಸೆಕೆಂಡ್ ದೊಡ್ಡದು. ಐವರಿಗೂ ಕಿಟ್ ಬೇಡ, ಸೈಟಿಗೊಂದು ಇದ್ದರೆ ನಡೆಯುತ್ತದೆ.

ಎದುರಾಳಿಗಳು ಈಕೋ ಮಾಡುತ್ತಿದ್ದಾರೆ, ಅಥವಾ ಮ್ಯಾಕ್-10, ಗಲೀಲ್ ಹಿಡಿದು ಬರುತ್ತಾರೆ ಎಂದು ಅನಿಸಿದರೆ ಮಾತ್ರ ಹೆಲ್ಮೆಟ್ ಖಂಡಿತ ಬೇಕು. ಗ್ಲಾಕ್ ಪಿಸ್ತೂಲಿನ ಒಂದೇ ಗುಂಡಿಗೆ ತಲೆ ಕೊಟ್ಟು ಎಂ4 ಕಳೆದುಕೊಳ್ಳುವುದು ಆ 350ಕ್ಕಿಂತ ಬಹಳ ದುಬಾರಿ. ಹಾಗಾಗಿ ಎದುರಾಳಿ ಹಿಂದಿನ ರೌಂಡಿನಲ್ಲಿ ಏನು ಕೊಂಡ, ಎಷ್ಟು ಜನ ಬದುಕಿದರು ಎಂಬುದನ್ನು ಗಮನಿಸುತ್ತಿರಿ.

ಪ್ರಶ್ನೆ: ಉಳಿಸಿ ಉಳಿಸಿ 12ನೇ ರೌಂಡಿಗೆ 6,000 ಆಗಿತ್ತು. 13ನೇ ರೌಂಡಿನಲ್ಲಿ ಅದೆಲ್ಲಾ ಮಾಯ. ಇದು ಗೇಮಿನ ದೋಷವೇ?
- ಶ್ರೀರಂಗಪಟ್ಟಣ

ಉತ್ತರ: ದೋಷವಲ್ಲ, ನಿಯಮ. 12 ರೌಂಡ್ ಮುಗಿದ ಮೇಲೆ ಕಡೆ ಬದಲಾಗುತ್ತದೆ, ಎಲ್ಲರ ಹಣವೂ ಮತ್ತೆ 800ಕ್ಕೆ ಬರುತ್ತದೆ. ಆದ್ದರಿಂದ 12ನೇ ರೌಂಡಿನಲ್ಲಿ ಕೈಯಲ್ಲಿರುವುದನ್ನೆಲ್ಲ ಖರ್ಚು ಮಾಡಿ, ಉಳಿದರೆ ಜೊತೆಗಾರನಿಗೆ ಗನ್ ಕೊಂಡು ಡ್ರಾಪ್ ಮಾಡಿ. ಎದುರಾಳಿ 12 ಗೆದ್ದು ನೀವು ಇನ್ನೊಂದು ಸೋತರೆ ಆಟವೇ ಮುಗಿಯುವಾಗಲೂ ಇದೇ ಲೆಕ್ಕ.

ಪ್ರಶ್ನೆ: ದುಬಾರಿ ಸ್ಕಿನ್ ಹಾಕಿದ ಎಕೆ ಹೆಚ್ಚು ನೇರವಾಗಿ ಹೊಡೆಯುತ್ತದೆ ಅಂತ ಗೆಳೆಯ ಹೇಳುತ್ತಾನೆ. ನಿಜವೇ?
- ಮಂಡ್ಯ

ಉತ್ತರ: ಇಲ್ಲ. ಸ್ಕಿನ್ ಬರೀ ಬಣ್ಣ. ಗುಂಡಿನ ಪೆಟ್ಟು, ಗನ್ ಮೇಲಕ್ಕೆ ಎಗರುವ ರೀತಿ ಯಾವುದೂ ಬದಲಾಗದು. ನಿಜವಾದ ಹಣವನ್ನು ಕೇಸ್ (ಸ್ಕಿನ್ ಇರುವ ಪೆಟ್ಟಿಗೆ) ತೆರೆಯಲು ಸುರಿಯಬೇಡಿ. ಒಳಗೆ ಏನು ಬರುತ್ತದೆ ಎಂಬುದು ಲಾಟರಿ. ಆ ಹಣದಲ್ಲಿ ಅಗಲವಾದ ಬಟ್ಟೆಯ ಮೌಸ್ ಪ್ಯಾಡ್ ಕೊಂಡು, ಬಾಟ್‌ಗಳ (ಕಂಪ್ಯೂಟರ್ ಆಡಿಸುವ ಆಟಗಾರರ) ಜೊತೆ ದಿನಕ್ಕೆ ಹದಿನೈದು ನಿಮಿಷ ಎಕೆ ಅಭ್ಯಾಸ ಮಾಡಿ. ಗೋಡೆಗೆ ಗುಂಡು ಹಾರಿಸಿ, ಅದು ಮೇಲೇರುವಷ್ಟೇ ಮೌಸನ್ನು ಕೆಳಕ್ಕೆ ಎಳೆಯುವುದನ್ನು ಮೊದಲ ಹತ್ತು ಗುಂಡಿನವರೆಗೆ ಕಲಿತರೆ ಸಾಕು.