ಮೊದಲು ಕಾಗದ, ಆಮೇಲೆ ಕೋವಿ

ತಮ್ಮಾ,

ನೀನು ಕೇಳಿದ್ದು ಎರಡು ವಿಷಯ. ಅಮೆರಿಕದ ಪಿಟ್ಸ್‌ಬರ್ಗಿಗೆ ಬಂದು ನಾಲ್ಕು ತಿಂಗಳಾಯಿತು, ಆಫೀಸು ಬಿಟ್ಟರೆ ಯಾರ ಪರಿಚಯವೂ ಇಲ್ಲ, ಇಲ್ಲಿ ಬೇರು ಬಿಡುವುದು ಹೇಗೆ ಅನ್ನುವುದು ಒಂದು. ಹಳ್ಳಿ ಕಡೆ ಯಾರದೋ ಮನೆಯ ಹಳೇ ಸಾಮಾನಿನ ಮಾರಾಟದಲ್ಲಿ 150 ಡಾಲರಿಗೆ ಅಗುಳಿಯ ಹಾಗೆ ಹಿಂದೆ ಮುಂದೆ ಎಳೆಯುವ ಒಂದು ಪುಟ್ಟ ಬೋಲ್ಟ್ ಕೋವಿ ನೋಡಿದೆ, ಅಜ್ಜನ ನೆನಪಾಯಿತು, ತಗೊಳ್ಳಲಾ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಹತ್ತು ಜನ ಉತ್ತರ ಕೊಟ್ಟಿರುತ್ತಾರೆ. ನಾನು ಕೋವಿಯ ವಿಷಯವನ್ನೇ ಹಿಡಿದುಕೊಳ್ಳುತ್ತೇನೆ.

ತಗೊಳ್ಳಬೇಡ. ಈಗಲೇ ಬೇಡ.

ನೀನು ಇರುವುದು ಎಚ್-1ಬಿ ವೀಸಾದ ಮೇಲೆ. ಹೀಗೆ ತಾತ್ಕಾಲಿಕ ವೀಸಾದಲ್ಲಿ ಬಂದವರು ಬಂದೂಕು, ತೋಟೆ ಎರಡನ್ನೂ ಇಟ್ಟುಕೊಳ್ಳುವ ಹಾಗಿಲ್ಲ ಅಂತ ಇಲ್ಲಿನ ಕೇಂದ್ರ ಕಾನೂನು ಹೇಳುತ್ತದೆ. ಕೊಳ್ಳುವುದು ಮಾತ್ರ ಅಲ್ಲ. ಆಫೀಸಿನ ಗೆಳೆಯ ಶೂಟಿಂಗ್ ರೇಂಜಿಗೆ ಕರೆದುಕೊಂಡು ಹೋಗಿ, 'ಒಂದು ಈಡು ಹೊಡೆದು ನೋಡು' ಅಂತ ಕೈಗೆ ಕೊಟ್ಟರೂ ಅದು ನಿನ್ನ ಕೈಯಲ್ಲಿದ್ದ ಹಾಗೇ ಲೆಕ್ಕ. ಎಷ್ಟೋ ನಮ್ಮ ಹುಡುಗರಿಗೆ ಇದು ಗೊತ್ತಿಲ್ಲ. ಫೋಟೋ ಬೇರೆ ಹಾಕುತ್ತಾರೆ. ಒಂದು ವಿನಾಯಿತಿ ಇದೆ, ಇಲ್ಲಿನ ರಾಜ್ಯ ಕೊಟ್ಟ ಬೇಟೆ ಲೈಸೆನ್ಸ್ ಚಾಲ್ತಿಯಲ್ಲಿದ್ದರೆ ಆಗುತ್ತದೆ. ಪೆನ್ಸಿಲ್ವೇನಿಯಾದಲ್ಲಿ ಮೊದಲ ಸಲ ಅದನ್ನು ಪಡೆಯುವವರು ಬೇಟೆಯ ತರಗತಿ ಮುಗಿಸಿರಬೇಕು. ಲೈಸೆನ್ಸಿನ ವರ್ಷ ಜೂನ್ 30ಕ್ಕೆ ಮುಗಿಯುತ್ತದೆ. ಮರೆತು ಜುಲೈ 1ಕ್ಕೂ ಕೋವಿ ಮನೆಯಲ್ಲಿದ್ದರೆ ನೀನು ಅಪರಾಧಿ. ಇದರಲ್ಲಿ ಎಡವಿದರೆ ಜೈಲು ಒಂದೇ ಅಲ್ಲ, ಈ ದೇಶದಲ್ಲಿ ಇರುವುದಕ್ಕೇ ಕುತ್ತು ಬರುತ್ತದೆ. ಹಾಗಾಗಿ ವಲಸೆ ವಕೀಲರನ್ನು ಕೇಳದೆ ಒಂದು ಹೆಜ್ಜೆಯೂ ಇಡಬೇಡ. ನಾನು 1998ರಲ್ಲಿ ಬಂದವನು. ಗ್ರೀನ್ ಕಾರ್ಡ್ ಬರುವ ತನಕ ಒಂಬತ್ತು ವರ್ಷ ಸುಮ್ನೆ ಕಾದೆ.

ಕಾದದ್ದು ಯಾವುದಕ್ಕೆ ಅಂತ ಈಗ ಹೇಳುತ್ತೇನೆ. ನಿನಗೂ ಅನ್ನಿಸಿರಬಹುದು ಅಲ್ವಾ, ಇಷ್ಟು ಹಳೆಯದಾದ, ಇಷ್ಟು ಚಿಕ್ಕ ಕೋವಿಯಲ್ಲಿ ಏನಿದೆ ಅಂತ.

ನನ್ನದು ಮಾಸ್‌ಬರ್ಗ್ ಕಂಪನಿಯ 183 ಅನ್ನುವ ಮಾದರಿ. ಕನೆಕ್ಟಿಕಟ್‌ನ ನ್ಯೂ ಹೇವನ್ ಊರಲ್ಲಿ ತಯಾರಾದದ್ದು. ಪಕ್ಕದ ಮನೆಯ ಅಜ್ಜ ಕೊಟ್ಟರು. ಅವರು ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. 1950ರ ದಶಕದಲ್ಲಿ, ಅವರಿಗೆ ಹನ್ನೆರಡು ವರ್ಷ ಆಗಿದ್ದಾಗ, ಅವರ ಅಪ್ಪ ತಂದುಕೊಟ್ಟ ಕೋವಿ ಅದು. ಆಗ ಇಂಥವನ್ನು ಹಾರ್ಡ್‌ವೇರ್ ಅಂಗಡಿಯಲ್ಲೂ ಮಾರುತ್ತಿದ್ದರು, ಅಂಚೆಯಲ್ಲಿ ತರಿಸಿಕೊಳ್ಳಲೂ ಆಗುತ್ತಿತ್ತು. ಅಂಚೆ ವ್ಯಾಪಾರ ನಿಂತದ್ದು 1968ರ ಕಾನೂನಿನಿಂದ. ಅದಕ್ಕಿಂತ ಮುಂಚಿನ ಅಗ್ಗದ ಕೋವಿಗಳ ಮೇಲೆ ಎಷ್ಟೋ ಸಲ ಗುರುತಿನ ಸಂಖ್ಯೆಯೇ ಇರುವುದಿಲ್ಲ, ನನ್ನದರ ಮೇಲೂ ಇಲ್ಲ. ಮೊದಲಿಂದಲೂ ಸಂಖ್ಯೆ ಇಲ್ಲದಿದ್ದರೆ ತಪ್ಪಲ್ಲ. ಇದ್ದದ್ದನ್ನು ಯಾರೋ ಉಜ್ಜಿ ತೆಗೆದಿದ್ದರೆ ಅದು ದೊಡ್ಡ ಅಪರಾಧ. ಅಜ್ಜನಿಂದ ನೇರವಾಗಿ ತಗೊಳ್ಳಲು ಈ ರಾಜ್ಯದಲ್ಲಿ ಅಡ್ಡಿ ಇರಲಿಲ್ಲ. ಆದರೂ ಅಂಗಡಿಗೆ ಹೋಗಿ, ಫಾರಂ ತುಂಬಿ, ಗ್ರೀನ್ ಕಾರ್ಡಿನ ನಂಬರು ಬರೆದು, ನನ್ನ ಹಿನ್ನೆಲೆಯ ತಪಾಸಣೆ ಮಾಡಿಸಿಯೇ ತಂದೆ. ನಮ್ಮಂಥವರ ಕಾಗದ ಗಟ್ಟಿಯಾಗಿರಬೇಕು.

ಊರಲ್ಲಿ ನಾವು ಹನ್ನೆರಡು ಬೋರು ಅನ್ನುತ್ತೇವಲ್ಲ, ಅದರ ಅರ್ಥ ನನಗೆ ತಿಳಿದದ್ದೇ ಇಲ್ಲಿ. ಒಂದು ಪೌಂಡು ಸೀಸದಿಂದ ಸಮನಾದ ಹನ್ನೆರಡು ಗುಂಡು ಮಾಡಿದರೆ ಒಂದೊಂದು ಎಷ್ಟು ದಪ್ಪ ಬರುತ್ತದೋ, ನಳಿಗೆಯ ಬಾಯಿ ಅಷ್ಟು ಅಗಲ. ಸುಮಾರು 18.5 ಮಿಲಿಮೀಟರ್. ಈ ಚಿಕ್ಕ ಕೋವಿಗೆ ಆ ಲೆಕ್ಕ ಇಲ್ಲ. ಇದನ್ನು .410 ಅನ್ನುತ್ತಾರೆ. ನಳಿಗೆಯ ಬಾಯಿ 0.410 ಅಂಗುಲ, ಅಂದರೆ ಹತ್ತು ಮಿಲಿಮೀಟರಿಗೆ ತುಸು ಜಾಸ್ತಿ. ಕಿರುಬೆರಳು ತೂರಿಸಲೂ ಕಷ್ಟ. ಎರಡೂವರೆ ಅಂಗುಲದ ತೋಟೆಯಲ್ಲಿ ಚರೆ, ಅಂದರೆ ಸಣ್ಣ ಸಣ್ಣ ಗುಂಡು, ಬರುವುದು 14 ಗ್ರಾಂ. ಹನ್ನೆರಡು ಬೋರಿನದರಲ್ಲಿ ಸಾಮಾನ್ಯವಾಗಿ 32 ಗ್ರಾಂ ಇರುತ್ತದೆ. ಇಪ್ಪತ್ತೈದು ಗಜ ದಾಟಿತು ಅಂದರೆ ಚರೆ ಚದುರಿ ಹೋಗುತ್ತದೆ, ಮಧ್ಯದಲ್ಲಿ ಮೊಲ ನುಸುಳಿ ಹೋಗುವಷ್ಟು ಜಾಗ. ಹಾಗಾಗಿ ಹತ್ತಿರ ಹೋಗಬೇಕು, ಇಲ್ಲವಾದರೆ ಹೊಡೆಯದೆ ಬಿಡಬೇಕು. ಬಿಡುವುದೇ ಜಾಸ್ತಿ. ನನಗೆ ಈ ಕೋವಿ ಇಷ್ಟ ಆಗುವುದು ಇದಕ್ಕೇ.

ಬೋಲ್ಟಿನ ಹಿಡಿಯನ್ನು ಮೇಲೆತ್ತಿ ಹಿಂದಕ್ಕೆ ಎಳೆಯಬೇಕು. ಮೇಲಿನಿಂದ ಒಂದು ತೋಟೆಯನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಬೇಕು. ಆಮೇಲೆ ಇನ್ನೊಂದು. ಬೋಲ್ಟ್ ಮುಂದೆ ತಳ್ಳಿ ಕೆಳಗೆ ಮಡಿಸಿದಾಗ ಹಳೇ ಮನೆಯ ಅಗುಳಿ ಹಾಕಿದ ಹಾಗೆ ಸದ್ದು. ಹೊಡೆದರೆ ಒದೆ ಅಷ್ಟಾಗಿ ಇಲ್ಲ, ಹೆಗಲಿಗೆ ಯಾರೋ ಕೈಯಿಟ್ಟ ಹಾಗೆ. ಮರದ ಹಿಡಿಯಲ್ಲಿ ಅಜ್ಜನ ಕೆನ್ನೆ ತಾಗಿ ತಾಗಿ ಬಣ್ಣ ಹೋದ ಒಂದು ಜಾಗ ಇದೆ. ಟ್ರಿಗರ್ ಸುತ್ತಿನ ಪ್ಲಾಸ್ಟಿಕ್ ಬಳೆ ಬಿರುಕು ಬಿಟ್ಟಿದೆ. ಬದಲಾಯಿಸಿಲ್ಲ. ನಳಿಗೆಯ ತುದಿಯಲ್ಲಿ ಒಂದು ಉಂಗುರ, ಅದನ್ನು ತಿರುಗಿಸಿದರೆ ಚರೆ ಹರಡುವುದು ಹೆಚ್ಚು ಕಡಿಮೆ ಆಗುತ್ತದೆ. ಈ ಕೋವಿಯಲ್ಲಿ ಇರುವ ಜಾಣತನ ಅದೊಂದೇ. ಇವತ್ತಿನ ಕೋವಿಗಳು ಪಟಪಟ ಅಂತ ಉಗುಳುತ್ತವೆ. ಇದರಲ್ಲಿ ಎರಡನೇ ಈಡಿಗೆ ಕೈ ಹೋಗುವಷ್ಟರಲ್ಲಿ ಮನಸ್ಸು ಬದಲಾಗಲು ಸಮಯ ಸಿಗುತ್ತದೆ.

ನಮ್ಮ ಅಪ್ಪನದು ಒಂಟಿ ನಳಿಗೆಯ ತೋಟಾ ಕೋವಿ. ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್. ಚುನಾವಣೆ ಬಂತು ಅಂದರೆ ಗೋಣಿತಾಟಿನಲ್ಲಿ ಸುತ್ತಿ ಪೊಲೀಸ್ ಠಾಣೆಗೆ ಒಪ್ಪಿಸಿ ಬರುತ್ತಿದ್ದರು. ಆ ತಿಂಗಳು ಪೂರ್ತಿ ತೋಟಕ್ಕೆ ಮಂಗಗಳದೇ ರಾಜ್ಯ. ಆಯುಧಪೂಜೆಗೆ ಕತ್ತಿ, ಹಾರೆ, ಗುದ್ದಲಿ ಸಾಲಾಗಿಟ್ಟು, ಕೊನೆಗೆ ಗೋಡೆಗೆ ಒರಗಿಸಿದ ಕೋವಿಗೂ ಕುಂಕುಮ. ನನಗೆ ಮುಟ್ಟಲು ಬಿಟ್ಟದ್ದು ಆವತ್ತು ಮಾತ್ರ. ಇನ್ನೊಂದು ನಂಟು ನನಗೆ ಆಮೇಲೆ ತಿಳಿದದ್ದು. ಬ್ರಿಟಿಷರ ಕಾಲದಲ್ಲಿ ಬಂಗಾಳದ ಇಷಾಪುರದ ಕಾರ್ಖಾನೆಯಲ್ಲಿ ಬ್ರಿಟಿಷ್ ಸೈನ್ಯದ ಹಳೇ ಲೀ ಎನ್‌ಫೀಲ್ಡ್ ರೈಫಲ್‌ಗಳ ನಳಿಗೆಯನ್ನು ನಯ ಮಾಡಿ .410 ಮಾಡಿದರು. ತೋಟೆ ತುಂಬುವ ಜಾಗಕ್ಕೆ ಮರದ ತುಂಡು ಹಾಕಿ ಮುಚ್ಚಿದರು, ಒಂದು ಸಲಕ್ಕೆ ಒಂದೇ ಈಡು. ಪೊಲೀಸರಿಗೆ, ಜೈಲಿನ ಕಾವಲಿಗೆ ಕೊಟ್ಟದ್ದು ಅದನ್ನೇ. ತೋಟೆ ಬೇರೆ, ಕೆಲಸ ಬೇರೆ. ಆದರೂ ಇದೇ ಅಳತೆಯ ನಳಿಗೆ, ಇಂಥದೇ ಬೋಲ್ಟು ನಮ್ಮ ದೇಶದಲ್ಲೂ ಓಡಾಡಿದೆ ಅಂತ ಓದಿದಾಗ ನನಗೆ ಖುಷಿಯಾಯಿತು.

ಅಜ್ಜ ಮೊದಲು ಕಲಿಸಿದ್ದು ಗುರಿ ಹಿಡಿಯುವುದನ್ನಲ್ಲ, ಬಾಗಿಲು ತಟ್ಟುವುದನ್ನು. ಮೊಲದ ಬೇಟೆಯ ಕಾಲಕ್ಕೆ ಎರಡು ವಾರ ಮುಂಚೆ ಸುತ್ತಲಿನ ಹೊಲದವರ ಮನೆಗೆ ಹೋಗಿ, ಟೋಪಿ ತೆಗೆದು, 'ನಿಮ್ಮ ಬೇಲಿ ಪಕ್ಕ ನಡೆಯಬಹುದಾ' ಅಂತ ಕೇಳಬೇಕು. ಒಬ್ಬರು ಆಗಲ್ಲ ಅಂದರು. ಒಬ್ಬರು ಒಳಗೆ ಕರೆದು ಕಾಫಿ ಕೊಟ್ಟರು. ಮೂರನೆಯ ಮನೆಯ ಹೆಂಗಸು, 'ಹೊಡೆದರೆ ಏನು ಅಡುಗೆ ಮಾಡುತ್ತೀಯ' ಅಂತ ಕೇಳಿದರು. ಮೆಣಸು, ಧನಿಯ, ಕಾಯಿ ಹುರಿದು ರುಬ್ಬುವ ನಮ್ಮ ಸಾರಿನ ಕಥೆ ಹೇಳಿದೆ. ಆಮೇಲೆ ಒಂದು ಡಬ್ಬಿ ಮಸಾಲೆ ಪುಡಿ ಕೊಟ್ಟು ಬಂದೆ. ಇವತ್ತಿಗೂ ಪ್ರತಿ ಶರತ್ಕಾಲದಲ್ಲಿ ಅವರ ಹೊಲದ ಕುಂಬಳಕಾಯಿ ನಮ್ಮ ಮನೆಗೆ ಬರುತ್ತದೆ. ಆಫೀಸಿನ ಒಂಬತ್ತು ವರ್ಷದಲ್ಲಿ ಆಗದ ಪರಿಚಯ ಆ ಮೂರು ಬಾಗಿಲಲ್ಲಿ ಆಯಿತು. ಅದಕ್ಕೆ ಕೋವಿಯೇ ಬೇಕು ಅಂತಿಲ್ಲ, ಅದನ್ನೂ ಹೇಳುತ್ತೇನೆ. ನೀನು ಈಗ ಮೀನಿನ ಲೈಸೆನ್ಸ್ ತೆಗೆದುಕೊಂಡು ಗಾಳ ಹಿಡಿದು ಹೊಳೆ ಪಕ್ಕ ಕೂತರೂ ಇದೇ ಜನ ಸಿಗುತ್ತಾರೆ.

ಇಲ್ಲಿಯವರು ಇದರಲ್ಲಿ ಅಳಿಲು ಹೊಡೆಯುತ್ತಾರೆ. ನಾನು ಹೊಡೆಯುವುದಿಲ್ಲ. ರಾಮನ ಸೇತುವೆಗೆ ಮರಳು ಹೊತ್ತ ಜೀವ ಅಂತ ಅಮ್ಮ ಹೇಳಿದ್ದು ಕೈಯನ್ನು ಹಿಡಿದುಬಿಡುತ್ತದೆ. ಅಜ್ಜನಿಗೆ ಆ ಕಥೆ ಹೇಳಿದೆ. ಅವರು ಮತ್ತೆ ಒಂದು ಸಲವೂ ಒತ್ತಾಯಿಸಲಿಲ್ಲ.

ಒಂದು ಮಾತು ಮುಚ್ಚಿಡಬಾರದು. 2018ರ ಅಕ್ಟೋಬರಿನಲ್ಲಿ ನಮ್ಮ ಪಿಟ್ಸ್‌ಬರ್ಗಿನಲ್ಲೇ ಟ್ರೀ ಆಫ್ ಲೈಫ್ ಅನ್ನುವ ಯಹೂದಿಗಳ ಪ್ರಾರ್ಥನಾ ಮಂದಿರಕ್ಕೆ ಒಬ್ಬ ನುಗ್ಗಿ 11 ಜನರನ್ನು ಗುಂಡಿಟ್ಟು ಕೊಂದ. ಆವತ್ತು ರಾತ್ರಿ ನನ್ನ ಹೆಂಡತಿ, 'ಅದು ಮನೆಯಲ್ಲಿ ಯಾಕಿರಬೇಕು' ಅಂತ ಕೇಳಿದಳು. ನನ್ನ ಹತ್ತಿರ ಒಳ್ಳೆ ಉತ್ತರ ಇರಲಿಲ್ಲ. ಒಂದು ವರ್ಷ ನಾನು ಅದನ್ನು ಹೊರಗೆ ತೆಗೆಯಲಿಲ್ಲ. ಈಗ ಉಕ್ಕಿನ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಟ್ಟಿದೆ, ತೋಟೆ ಬೇರೆ ಕೋಣೆಯಲ್ಲಿ, ಬೇರೆ ಬೀಗ. ಒಂದು ಬೀಗದ ಕೈ ಅವಳ ಹತ್ತಿರ ಇರುತ್ತದೆ. ಅವಳು ಕೊಟ್ಟ ದಿನ ಮಾತ್ರ ಹೋಗುತ್ತೇನೆ.

ಇನ್ನೊಂದು, ಮುಂದೆ ಬೇಕಾಗುತ್ತದೆ. ಬೇಟೆಗೆ ಒಯ್ಯುವ ಚೀಲವನ್ನು ಊರಿಗೆ ಹೋಗುವಾಗ ಯಾವತ್ತೂ ಮುಟ್ಟಬೇಡ. ಮೂಲೆಯಲ್ಲಿ ಒಂದೇ ಒಂದು ತೋಟೆ ಉಳಿದಿದ್ದು ಬೆಂಗಳೂರಿನಲ್ಲೋ ದಿಲ್ಲಿಯಲ್ಲೋ ಸಿಕ್ಕಿದರೂ ಪೊಲೀಸ್ ಕೇಸು.

ಆ 150 ಡಾಲರಿನ ಕೋವಿ ಹೋದರೆ ಹೋಗಲಿ. ಇಂಥವು ಈ ಕಡೆ ಬೇಕಾದಷ್ಟಿವೆ, ನಿನ್ನ ಕಾಗದ ಬರುವ ತನಕ ಕಾಯುತ್ತವೆ. ಅಕ್ಟೋಬರಿನಲ್ಲಿ ಒಂದು ಶನಿವಾರ ಮನೆಗೆ ಬಾ. ಕೋವಿ ನಿನ್ನ ಕೈಗೆ ಕೊಡುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಹಿಂದೆ ನಿಂತು ನೋಡು. ಕಿತ್ತಳೆ ಬಣ್ಣದ ಅಂಗಿ ಒಂದು ಜಾಸ್ತಿ ಇದೆ, ಕಿವಿಗೆ ಹಾಕಿಕೊಳ್ಳುವುದೂ ಇದೆ. ಬೆಳಗ್ಗೆ ಮಂಜು ಇರುತ್ತದೆ, ದಪ್ಪ ಸಾಕ್ಸ್ ಹಾಕಿಕೊಂಡು ಬಾ.