ಓದುಗರ ಪ್ರಶ್ನೆ, ನಮ್ಮ ಉತ್ತರ: ಹಸಿರು ದೀಪ ಉರಿಯುತ್ತಿದ್ದರೂ ಲಿಂಕ್ ಏಕಿಲ್ಲ?

ಮುಂಗಾರು ಶುರುವಾದ ಮೇಲೆ ನಮಗೆ ಬಂದ ಹಲವು ಪತ್ರಗಳು 'ಲಿಂಕ್ ಇಲ್ಲ' ಎಂಬ ಒಂದೇ ದೂರನ್ನು ಬೇರೆ ಬೇರೆ ಬಗೆಯಲ್ಲಿ ಹೇಳಿವೆ. ಅವುಗಳಲ್ಲಿ ಐದನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಜೇವರ್ಗಿಯಲ್ಲಿರುವ ನಮ್ಮ ಪತ್ತಿನ ಸಹಕಾರಿ ಸಂಘದ ಶಾಖೆಗೂ ಕಲಬುರಗಿಯ ಮುಖ್ಯ ಕಚೇರಿಗೂ ನಡುವೆ ಲೀಸ್ಡ್ ಲೈನ್ ಇದೆ. ತಿಂಗಳಿಗೆ ಎರಡು ಮೂರು ಸಲ ಲಿಂಕ್ ಹೋಗುತ್ತದೆ, ಆದರೆ ಮೋಡೆಮ್ ಮತ್ತು ರೌಟರ್ ಎರಡರಲ್ಲೂ ಹಸಿರು ದೀಪ ಉರಿಯುತ್ತಲೇ ಇರುತ್ತದೆ. ದೂರು ಕೊಟ್ಟರೆ 'ನಮ್ಮ ಕಡೆ ಎಲ್ಲ ಸರಿ ಇದೆ' ಎನ್ನುತ್ತಾರೆ. ಕೌಂಟರ್ ಮುಂದೆ ರೈತರು ಸಾಲುಗಟ್ಟಿ ನಿಂತಿರುತ್ತಾರೆ. ದೀಪ ಸುಳ್ಳು ಹೇಳುತ್ತದೆಯೇ?

ಉತ್ತರ: ದೀಪ ಸುಳ್ಳು ಹೇಳುತ್ತಿಲ್ಲ. ಅದು ತನಗೆ ಗೊತ್ತಿದ್ದಷ್ಟನ್ನೇ ಹೇಳುತ್ತಿದೆ, ಮತ್ತು ಅದಕ್ಕೆ ಗೊತ್ತಿರುವುದು ನಿಮ್ಮ ಶಾಖೆಯಿಂದ ಊರಿನ ಎಕ್ಸ್‌ಚೇಂಜ್‌ವರೆಗಿನ ತಂತಿಯ ಸಂಗತಿ ಮಾತ್ರ. ಲೀಸ್ಡ್ ಲೈನ್ ಎಂದ ಕೂಡಲೇ ಜೇವರ್ಗಿಯಿಂದ ಹೊರಟು, ಭೀಮಾ ನದಿ ದಾಟಿ, ಕಲಬುರಗಿಯವರೆಗೆ ನಿಮ್ಮ ಸಂಘಕ್ಕೆಂದೇ ಎಳೆದ ಒಂದು ತಂತಿ ಕಣ್ಣ ಮುಂದೆ ಬರುವುದು ಸಹಜ. ಆದರೆ ಈಗ ಬಾಡಿಗೆಗೆ ಸಿಗುವುದು ಬಹುಮಟ್ಟಿಗೆ ವರ್ಚುವಲ್ ಸರ್ಕ್ಯೂಟ್. ಒಂದೇ ಫೈಬರ್‌ನಲ್ಲಿ ಅನೇಕ ಗಿರಾಕಿಗಳ ಡೇಟಾ ಒಟ್ಟಿಗೆ ಹರಿಯುತ್ತದೆ. ದಾರಿಯಲ್ಲಿರುವ ಪ್ರತಿಯೊಂದು ಸ್ವಿಚ್‌ನಲ್ಲಿಯೂ (ಡೇಟಾವನ್ನು ಸರಿಯಾದ ದಾರಿಗೆ ತಿರುಗಿಸುವ ಯಂತ್ರ) ಒಂದು ಕೋಷ್ಟಕವಿದ್ದು, 'ಈ ಪೋರ್ಟಿನಲ್ಲಿ ಈ ಸಂಖ್ಯೆಯ ಚೀಟಿ ಹೊತ್ತು ಬಂದದ್ದಕ್ಕೆ ಆ ಸಂಖ್ಯೆಯ ಚೀಟಿ ಹಚ್ಚಿ ಆ ಪೋರ್ಟಿನಿಂದ ಕಳಿಸು' ಎಂಬ ಒಂದು ಸಾಲು ನಿಮ್ಮ ಸಂಘದ ಪಾಲಿಗೆ ಬರೆದಿರುತ್ತದೆ. ಆ ಸಾಲುಗಳ ಸರಣಿಯೇ ನಿಮ್ಮ ಲೈನ್.

ನಡುವಿನ ಯಾವುದೋ ಸ್ವಿಚ್‌ನಲ್ಲಿ ಕಾರ್ಡ್ ಬದಲಿಸುವಾಗ ಆ ಒಂದು ಸಾಲು ಅಳಿದುಹೋಯಿತು ಅಥವಾ ಒಂದು ಅಂಕಿ ತಪ್ಪಾಯಿತು ಎಂದುಕೊಳ್ಳಿ. ಫೈಬರ್‌ನಲ್ಲಿ ಬೆಳಕು ಮೊದಲಿನಂತೆಯೇ ಇರುತ್ತದೆ, ಉಳಿದ ಗಿರಾಕಿಗಳ ಕೆಲಸ ಸಾಗುತ್ತಿರುತ್ತದೆ, ತಾನು ಕೆಟ್ಟಿದ್ದೇನೆಂದು ಯಾವ ಯಂತ್ರಕ್ಕೂ ತಿಳಿಯುವುದಿಲ್ಲ. ಆದ್ದರಿಂದ ಎಲ್ಲಿಯೂ ಅಲಾರಂ ಬರುವುದಿಲ್ಲ. ದೂರು ಕೇಂದ್ರದವರು 'ಎಲ್ಲ ಸರಿ ಇದೆ' ಎಂದಾಗ ಅವರು ನೋಡುತ್ತಿರುವುದೂ ಅಲಾರಂ ಪಟ್ಟಿಯನ್ನೇ. ಫ್ರೇಮ್ ರಿಲೇ ಎಂಬ ಹಿಂದಿನ ಜಾಲ ವ್ಯವಸ್ಥೆಯ ಕಾಲದಲ್ಲೂ ಈ ತೊಡಕು ಇತ್ತು. ಗಿರಾಕಿಯ ರೌಟರ್ ಸಾಮಾನ್ಯವಾಗಿ 10 ಸೆಕೆಂಡಿಗೊಮ್ಮೆ ಸ್ವಿಚ್ಚಿಗೆ 'ಇದ್ದೀಯಾ' ಎಂದು ಕೇಳುತ್ತಿತ್ತು. ನಾಲ್ಕು ಸಲದಲ್ಲಿ ಮೂರು ಸಲ ಉತ್ತರ ತಪ್ಪಿದರೆ ಲಿಂಕ್ ಹೋಯಿತೆಂದು ತೀರ್ಮಾನಿಸುತ್ತಿತ್ತು. ಆದರೆ ಆ ಮಾತುಕತೆ ನಡೆಯುತ್ತಿದ್ದುದು ಪಕ್ಕದ ಸ್ವಿಚ್ಚಿನೊಡನೆ, ಆಚೆ ತುದಿಯ ರೌಟರಿನೊಡನೆ ಅಲ್ಲ.

ಸರ್ಕ್ಯೂಟ್ ಬದುಕಿದೆಯೇ ಎಂದು ತಿಳಿಯಲು ಅದೇ ಚೀಟಿ ಹೊತ್ತು, ಅದೇ ಕೋಷ್ಟಕಗಳ ಮೂಲಕ, ಈ ತುದಿಯಿಂದ ಆ ತುದಿಗೆ ಏನಾದರೊಂದು ಹೋಗಿ ಮುಟ್ಟಲೇಬೇಕು. ಎಟಿಎಂ ಜಾಲಗಳಲ್ಲಿ (ಇದು ಹಣ ಕೊಡುವ ಯಂತ್ರವಲ್ಲ, ಡೇಟಾವನ್ನು ಸೆಲ್ ಎಂಬ ಪುಟ್ಟ ತುಂಡುಗಳಾಗಿ ಸಾಗಿಸುವ ತಂತ್ರ) ಈ ಕೆಲಸಕ್ಕೆಂದೇ ಕಂಟಿನ್ಯುಯಿಟಿ ಚೆಕ್ ಎಂಬ ಸೆಲ್ ಇದೆ. ಗಿರಾಕಿಯ ಡೇಟಾ ಸುಮಾರು ಒಂದು ಸೆಕೆಂಡು ಬಾರದಿದ್ದರೆ ಕಳಿಸುವ ತುದಿ ಈ ಸೆಲ್ಲನ್ನು ಬಿಡುತ್ತದೆ. ಪಡೆಯುವ ತುದಿಗೆ ಮೂರೂವರೆ ಸೆಕೆಂಡಿನಷ್ಟು ಹೊತ್ತು ಡೇಟಾವೂ ಈ ಸೆಲ್ಲೂ ಬಾರದೆ ಹೋದರೆ ಸಂಪರ್ಕ ಕಡಿದಿದೆ ಎಂದು ಅದು ಘೋಷಿಸುತ್ತದೆ. ಈ ಉಪಾಯ ನನಗೆ ಬಹಳ ಅಚ್ಚುಮೆಚ್ಚು, ಏಕೆಂದರೆ ಇಲ್ಲಿ ಕೆಟ್ಟ ಯಂತ್ರ ತಾನಾಗಿ ಬಾಯಿಬಿಡಬೇಕಾಗಿಲ್ಲ, ಮೌನವೇ ಸುದ್ದಿಯಾಗುತ್ತದೆ.

ನಾನು ಟ್ರಾನ್ಸ್‌ಮಿಷನ್ ಕೆಲಸದಲ್ಲಿದ್ದಾಗ ಕಣ್ಣಾರೆ ಕಂಡ ಒಂದು ಪ್ರಸಂಗ ಹೇಳುತ್ತೇನೆ. ರಾತ್ರಿ ದುರಸ್ತಿಯ ವೇಳೆ ನಡುವಿನ ಠಾಣೆಯೊಂದರಲ್ಲಿ ಪರೀಕ್ಷೆಗೆಂದು ಎರಡು ಮೆಗಾಬಿಟ್ ಲೈನಿಗೆ ಲೂಪ್ ಹಾಕಿದ್ದರು. ಲೂಪ್ ಎಂದರೆ ಗೇಣುದ್ದದ ಒಂದು ಕೇಬಲ್. ಅದು ಹೋಗುವ ಸಿಗ್ನಲನ್ನು ಬರುವ ದಾರಿಗೆ ತಿರುಗಿಸುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ಕಿತ್ತುಹಾಕಲು ಮರೆತರು. ಬೆಳಿಗ್ಗೆ ಶಾಖೆಯ ಉಪಕರಣಕ್ಕೆ ತನ್ನದೇ ಸಿಗ್ನಲ್ ಸೊಗಸಾಗಿ ಮರಳಿ ಬರುತ್ತಿತ್ತು, ದೀಪಗಳೆಲ್ಲ ಹಸಿರಾಗಿದ್ದವು, ಮಧ್ಯಾಹ್ನದವರೆಗೆ ಒಂದು ವ್ಯವಹಾರವೂ ನಡೆಯಲಿಲ್ಲ. ಬಂದದ್ದು ಎದುರು ತುದಿಯಿಂದಲೇ ಬಂದದ್ದು ಎಂದು ಖಾತ್ರಿಪಡಿಸಲು ಪರೀಕ್ಷಾ ಸಂದೇಶದಲ್ಲಿ ಗುರುತು ಇರಬೇಕು. ಎರಡು ತುದಿಗಳು ನೇರವಾಗಿ ಮಾತಾಡಲು ಬಳಸುವ ಪಿಪಿಪಿ ಪ್ರೋಟೊಕಾಲ್‌ನಲ್ಲಿ ಮ್ಯಾಜಿಕ್ ನಂಬರ್ ಇರುವುದು ಈ ಕಾರಣಕ್ಕೆ; ತಾನು ಕಳಿಸಿದ ಸಂಖ್ಯೆಯೇ ತನಗೆ ಮರಳಿದರೆ ಲೈನ್ ಲೂಪ್ ಆಗಿದೆ ಎಂದು ಶಂಕಿಸಬೇಕು. ಈಥರ್ನೆಟ್ ಸೇವೆಗಾಗಿ 2007ರಲ್ಲಿ ಬಂದ 802.1ಎಜಿ ಮಾನದಂಡದ ಸಂದೇಶಗಳೂ ಕಳಿಸಿದ ತುದಿಯ ಗುರುತನ್ನು ಹೊತ್ತಿರುತ್ತವೆ. ಇದರಿಂದ ಕಡಿದ ಸರ್ಕ್ಯೂಟ್ ಮಾತ್ರವಲ್ಲ, ಬೇರೆ ಗಿರಾಕಿಯ ಸರ್ಕ್ಯೂಟಿಗೆ ತಪ್ಪಾಗಿ ಸೇರಿಕೊಂಡದ್ದೂ ಪತ್ತೆಯಾಗುತ್ತದೆ.

ನಿಮ್ಮ ಸೇವಾದಾರರನ್ನು ತುದಿಯಿಂದ ತುದಿಗೆ ಇಂಥ ತಪಾಸಣೆ ಹಾಕಿಕೊಡುವಂತೆ ಬರಹದಲ್ಲಿ ಕೇಳಿ. ಅಲ್ಲಿಯವರೆಗೆ ಶಾಖೆಯ ಕಂಪ್ಯೂಟರಿನಿಂದ ಮುಖ್ಯ ಕಚೇರಿಯ ರೌಟರಿಗೆ ನಿಮಿಷಕ್ಕೊಂದು ಪಿಂಗ್ (ಉತ್ತರ ಬೇಡುವ ಪುಟ್ಟ ಪರೀಕ್ಷಾ ಸಂದೇಶ) ಹೋಗುವಂತೆ ಮಾಡಿ, ಫಲಿತಾಂಶವನ್ನು ವೇಳೆ ಸಹಿತ ಕಡತದಲ್ಲಿ ಉಳಿಸಿಡಿ. '11 ಗಂಟೆ 42 ನಿಮಿಷಕ್ಕೆ ಹೋಯಿತು, 12 ಗಂಟೆ 20 ನಿಮಿಷಕ್ಕೆ ಬಂತು' ಎಂಬ ದೂರನ್ನು ತಳ್ಳಿಹಾಕುವುದು ಕಷ್ಟ.

ಪ್ರಶ್ನೆ: ನಾನು ಬೀದರ್‌ನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಎಟಿಎಂ ಪಾಠದಲ್ಲಿ ಎಐಎಸ್, ಆರ್‌ಡಿಐ, ಲೂಪ್‌ಬ್ಯಾಕ್ ಎಂಬ ಮೂರು ಪದಗಳು ಬರುತ್ತವೆ. ಕಡಿತ ಆಗಿದೆ ಎಂದು ತಿಳಿದ ಮೇಲೆ ಅದು ಎಲ್ಲಿ ಆಗಿದೆ ಎಂದು ಇವುಗಳಿಂದ ಹೇಗೆ ತಿಳಿಯುತ್ತದೆ?

ಉತ್ತರ: ನಿಮ್ಮ ಊರಿನಲ್ಲಿಯೇ ಇದಕ್ಕೆ ಒಳ್ಳೆಯ ಮಾದರಿಯಿದೆ. ನೌಬಾದ್ ಬಳಿ ಬಹಮನಿ ಕಾಲದ ಕರೇಜ್ ಇದೆಯಲ್ಲ, ಜನ ಸುರಂಗಬಾವಿ ಎನ್ನುವರಲ್ಲ, ಅದನ್ನು ನೆನಪಿಸಿಕೊಳ್ಳಿ. ನೆಲದೊಳಗೆ ನೀರಿನ ಸುರಂಗ, ಮೇಲಿನಿಂದ ಅದಕ್ಕೆ ಅಲ್ಲಲ್ಲಿ ಇಳಿಬಿಟ್ಟ ಬಾವಿಯಂಥ ಕಿಂಡಿಗಳು. ಕೊನೆಯಲ್ಲಿ ನೀರು ಬಾರದಿದ್ದರೆ ಇಡೀ ಸುರಂಗವನ್ನು ಅಗೆಯಬೇಕಿಲ್ಲ. ಒಂದೊಂದೇ ಕಿಂಡಿಯಲ್ಲಿ ಇಣುಕುತ್ತ ಬಂದರೆ ಯಾವ ಎರಡು ಕಿಂಡಿಗಳ ನಡುವೆ ಮಣ್ಣು ಕುಸಿದಿದೆ ಎಂಬುದು ತಿಳಿಯುತ್ತದೆ. ವರ್ಚುವಲ್ ಸರ್ಕ್ಯೂಟಿನ ನಡುವಣ ಸ್ವಿಚ್‌ಗಳೇ ಆ ಕಿಂಡಿಗಳು, ಇಣುಕುವ ಕೆಲಸವೇ ಲೂಪ್‌ಬ್ಯಾಕ್. ಒಂದು ತುದಿಯಿಂದ ಹೊರಟ ಲೂಪ್‌ಬ್ಯಾಕ್ ಸೆಲ್ಲಿನಲ್ಲಿ 'ಇಂಥ ಠಾಣೆಯಿಂದ ಹಿಂದಿರುಗು' ಎಂಬ ವಿಳಾಸವೂ, ಹಳೆಯ ಉತ್ತರವನ್ನು ಹೊಸದೆಂದು ತಿಳಿಯದಿರಲು ಒಂದು ಗುರುತೂ ಇರುತ್ತವೆ. ಐದು ಸೆಕೆಂಡಿನೊಳಗೆ ಅದು ಮರಳದಿದ್ದರೆ ಆ ಪರೀಕ್ಷೆ ವಿಫಲ. ಮೂರನೆಯ ಠಾಣೆಯಿಂದ ಮರಳಿ, ನಾಲ್ಕನೆಯದರಿಂದ ಮರಳದಿದ್ದರೆ ಎಲ್ಲಿ ಹುಡುಕಬೇಕೆಂದು ಬೇರೆ ಹೇಳಬೇಕಿಲ್ಲ.

ಎಐಎಸ್ ಮತ್ತು ಆರ್‌ಡಿಐ ಬೇರೆ ಬಗೆಯವು. ಅವನ್ನು ಯಾರೂ ಕೇಳಬೇಕಿಲ್ಲ, ತಾವಾಗಿ ಬರುತ್ತವೆ. ಎರಡನೆಯ ಮತ್ತು ಮೂರನೆಯ ಠಾಣೆಗಳ ನಡುವೆ ರಸ್ತೆ ಅಗಲಿಸುವ ಜೆಸಿಬಿ ಫೈಬರನ್ನು ಕಡಿಯಿತೆನ್ನಿ. ಬೆಳಕು ನಿಂತದ್ದು ಮೊದಲು ತಿಳಿಯುವುದು ಮೂರನೆಯ ಠಾಣೆಗೆ. ಆ ಫೈಬರ್‌ನಲ್ಲಿ ಹಾದುಹೋಗುತ್ತಿದ್ದ ಪ್ರತಿಯೊಂದು ಸರ್ಕ್ಯೂಟಿನಲ್ಲಿಯೂ ಅದು ಹರಿವಿನ ದಿಕ್ಕಿನಲ್ಲಿ, ಎಂದರೆ ಮುಂದಿನ ಠಾಣೆಗಳ ಕಡೆಗೆ, ಸೆಕೆಂಡಿಗೊಂದರಂತೆ ಎಐಎಸ್ ಸೆಲ್ ಕಳಿಸುತ್ತದೆ. 'ತಪ್ಪು ನಿಮ್ಮಲ್ಲಿಲ್ಲ, ಮೇಲ್ಗಡೆ ಕಡಿದಿದೆ' ಎಂಬುದು ಅದರ ಅರ್ಥ. ಅದನ್ನು ಪಡೆದ ಕೊನೆಯ ತುದಿ, ಕಳಿಸುತ್ತಿದ್ದವರ ಕಡೆಗೆ ಆರ್‌ಡಿಐ ಹಿಂದಿರುಗಿಸುತ್ತದೆ: 'ನೀವು ಕಳಿಸುತ್ತಿರುವುದು ನನಗೆ ಮುಟ್ಟುತ್ತಿಲ್ಲ.' ಕಡಿತ ಒಂದೇ ದಿಕ್ಕಿನದಾಗಿದ್ದಾಗ ಈ ಎರಡನೆಯ ಸಂದೇಶದ ಬೆಲೆ ತಿಳಿಯುತ್ತದೆ. ಕಳಿಸುವವರಿಗೆ ಎದುರಿನ ಮಾತು ಸ್ಪಷ್ಟವಾಗಿ ಕೇಳುತ್ತಿರುವುದರಿಂದ, ಆರ್‌ಡಿಐ ಇಲ್ಲದಿದ್ದರೆ ತಮ್ಮ ಮಾತು ನೀರಿನಲ್ಲಿ ಹೋಮವಾಗುತ್ತಿದೆ ಎಂದು ಅವರಿಗೆ ಗೊತ್ತಾಗುವ ದಾರಿಯೇ ಇರುವುದಿಲ್ಲ.

ಪರೀಕ್ಷೆಯಲ್ಲಿ ಬರೆಯುವಾಗ ಒಂದು ಸಂಗತಿ ಬಿಡಬೇಡಿ. ಎಐಎಸ್ ಹುಟ್ಟಬೇಕಾದರೆ ಯಾವುದೋ ಒಂದು ಠಾಣೆಗೆ ದೋಷ ಕಾಣಿಸಿರಬೇಕು. ಮೇಲಿನ ಉತ್ತರದಲ್ಲಿ ಹೇಳಿದ ಅಳಿದ ಸಾಲಿನಂಥ ದೋಷಕ್ಕೆ ಎಐಎಸ್ ಹುಟ್ಟುವುದಿಲ್ಲ, ಯಾರೂ ಕೇಳದೆ ಅದನ್ನು ತಾನಾಗಿ ಹಿಡಿಯುವುದು ಕಂಟಿನ್ಯುಯಿಟಿ ಚೆಕ್. ಈ ಸೆಲ್‌ಗಳ ನಿಯಮಗಳೆಲ್ಲ ಐಟಿಯು-ಟಿ ಎಂಬ ಅಂತರರಾಷ್ಟ್ರೀಯ ದೂರಸಂಪರ್ಕ ಮಾನದಂಡ ಸಂಸ್ಥೆಯ ಐ.610 ಶಿಫಾರಸಿನಲ್ಲಿವೆ.

ಪ್ರಶ್ನೆ: ಶಹಾಪುರದಲ್ಲಿ ನಮ್ಮ ಸೇವಾ ಕೇಂದ್ರಕ್ಕೆ ಫೈಬರ್ ಲಿಂಕ್ ಒಂದು, ಬದಲಿಗೆ ವೈರ್‌ಲೆಸ್ ಲಿಂಕ್ ಒಂದು ಇವೆ. ಎರಡೂ ಓಎಸ್‌ಪಿಎಫ್‌ನಲ್ಲಿವೆ. ಫೈಬರ್ ಹೋದಾಗ ವೈರ್‌ಲೆಸ್‌ಗೆ ಬದಲಾಗಲು ಮುಕ್ಕಾಲು ನಿಮಿಷ ಹಿಡಿಯುತ್ತದೆ. ಇದನ್ನು ಕಡಿಮೆ ಮಾಡಬಹುದೇ?

ಉತ್ತರ: ಧಾರಾಳವಾಗಿ ಮಾಡಬಹುದು. ಓಎಸ್‌ಪಿಎಫ್ ಎಂದರೆ ರೌಟರ್‌ಗಳು ಡೇಟಾಕ್ಕೆ ದಾರಿ ಆರಿಸಲು ಬಳಸುವ ಪ್ರೋಟೊಕಾಲ್. ಅದು ಸಾಮಾನ್ಯವಾಗಿ 10 ಸೆಕೆಂಡಿಗೊಂದು ಹಲೋ ಕಳಿಸುತ್ತದೆ, 40 ಸೆಕೆಂಡು ಹಲೋ ಬಾರದಿದ್ದರೆ ಮಾತ್ರ ನೆರೆಯ ರೌಟರ್ ಇಲ್ಲವೆಂದು ತೀರ್ಮಾನಿಸುತ್ತದೆ. ನಿಮ್ಮ ಮುಕ್ಕಾಲು ನಿಮಿಷದ ಬಹುಪಾಲು ಅಲ್ಲಿಯೇ ಕಳೆಯುತ್ತದೆ. ನಿಮ್ಮ ರೌಟರಿನ ಪೋರ್ಟ್‌ನಲ್ಲಿಯೇ ಬೆಳಕು ಸತ್ತಿದ್ದರೆ ಬದಲಾವಣೆ ತಕ್ಷಣ ಆಗುತ್ತಿತ್ತು. ಆದರೆ ನಡುವೆ ಸೇವಾದಾರರ ಸ್ವಿಚ್ ಕುಳಿತಿರುವುದರಿಂದ ಆಚೆ ಎಷ್ಟು ದೂರದಲ್ಲಿ ಕಡಿದರೂ ನಿಮ್ಮ ಪೋರ್ಟ್ ಹಸಿರಾಗಿಯೇ ಇರುತ್ತದೆ.

ಇದಕ್ಕೆ ಮದ್ದು ಬಿಎಫ್‌ಡಿ. 2010ರಲ್ಲಿ ಆರ್‌ಎಫ್‌ಸಿ ಎಂಬ ಇಂಟರ್ನೆಟ್ ದಾಖಲೆಗಳ ಸರಣಿಯಲ್ಲಿ 5880ನೆಯದಾಗಿ ಪ್ರಕಟವಾದ ಈ ಪುಟ್ಟ ಪ್ರೋಟೊಕಾಲ್‌ಗೆ ಎರಡು ರೌಟರ್‌ಗಳು ಪರಸ್ಪರ 'ಇದ್ದೇನೆ' ಎನ್ನುತ್ತಿರುವುದನ್ನು ಬಿಟ್ಟರೆ ಬೇರೆ ಕೆಲಸವಿಲ್ಲ. ಎರಡೂ ಕಡೆಯವರು ತಮಗೆ ಆಗುವ ವೇಗವನ್ನು ಹೇಳಿಕೊಳ್ಳುತ್ತಾರೆ, ನಿಧಾನದವರ ವೇಗಕ್ಕೆ ಇಬ್ಬರೂ ಒಪ್ಪುತ್ತಾರೆ. 300 ಮಿಲಿಸೆಕೆಂಡಿಗೊಂದು ಸಂದೇಶ, ಮೂರು ತಪ್ಪಿದರೆ ಕಡಿತ ಎಂದು ಇಟ್ಟರೆ 900 ಮಿಲಿಸೆಕೆಂಡಿನಲ್ಲಿ, ಒಂದು ಸೆಕೆಂಡಿಗೂ ಮೊದಲೇ, ವಿಷಯ ಓಎಸ್‌ಪಿಎಫ್‌ಗೆ ಮುಟ್ಟುತ್ತದೆ.

ಇನ್ನೂ ಬೇಗ ಆಗಲಿ ಎಂಬ ಆಸೆಗೆ ಬಿದ್ದು 50 ಮಿಲಿಸೆಕೆಂಡಿಗೆ ಇಳಿಸಬೇಡಿ ಎಂಬುದು ನನ್ನ ಸಲಹೆ. ರೌಟರಿನ ಪ್ರೊಸೆಸರ್ ಕ್ಷಣ ಹೊತ್ತು ಬೇರೆ ಕೆಲಸದಲ್ಲಿ ಮುಳುಗಿದರೂ ಸಂದೇಶ ತಡವಾಗಿ, ಸರಿಯಿರುವ ಲಿಂಕನ್ನೇ ಕಡಿದಿದೆ ಎಂದು ಸಾರಿಬಿಡುತ್ತದೆ. ಹೋಯಿತು, ಬಂತು, ಮತ್ತೆ ಹೋಯಿತು ಎಂದು ಲಿಂಕ್ ಫ್ಲಾಪ್ ಆಗತೊಡಗಿದರೆ ಮುಕ್ಕಾಲು ನಿಮಿಷದ ನಿಲುಗಡೆಯೇ ವಾಸಿ ಅನ್ನಿಸುತ್ತದೆ. ವೈರ್‌ಲೆಸ್ ಲಿಂಕ್ ಮೇಲಂತೂ ಗಾಳಿಮಳೆಯ ಹೊತ್ತಿಗೆ ಸಿಗ್ನಲ್ ಕುಗ್ಗುವುದು ಇದ್ದದ್ದೇ. ಅಲ್ಲಿ ಸೆಕೆಂಡಿಗೊಂದು ಸಂದೇಶ ಸಾಕು.

ಪ್ರಶ್ನೆ: ಭಾಲ್ಕಿಯ ನಮ್ಮ ಅಂಗಡಿಯಿಂದ ಬೀದರ್ ಗೋದಾಮಿಗೆ ಪಿಂಗ್ ಚೆನ್ನಾಗಿ ಹೋಗುತ್ತದೆ. ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಲಾಗಿನ್ ಕೂಡ ಆಗುತ್ತದೆ, ಆದರೆ ದಾಸ್ತಾನು ಪಟ್ಟಿ ತೆರೆಯಲು ಹೋದರೆ ಪರದೆ ಹಾಗೆಯೇ ನಿಂತುಬಿಡುತ್ತದೆ. ಇದು ಲಿಂಕ್ ದೋಷವೇ, ಸಾಫ್ಟ್‌ವೇರ್ ದೋಷವೇ?

ಉತ್ತರ: ನೀವು ಹೇಳಿದ ಲಕ್ಷಣ ನೋಡಿದರೆ ಲಿಂಕ್ ದೋಷವೇ ಇರಬಹುದು. ವಿಂಡೋಸ್‌ನ ಪಿಂಗ್ ಹೊತ್ತೊಯ್ಯುವುದು ಬರೀ 32 ಬೈಟ್. ಸಂದಿನಲ್ಲಿ ಸೈಕಲ್ ನುಗ್ಗಿತೆಂದರೆ ಎತ್ತಿನ ಬಂಡಿಯೂ ನುಗ್ಗುತ್ತದೆ ಎಂದಲ್ಲ. ಲಾಗಿನ್ ಪುಟ್ಟ ಸಂದೇಶ, ದಾಸ್ತಾನು ಪಟ್ಟಿ ದೊಡ್ಡದು. ಈಥರ್ನೆಟ್‌ನಲ್ಲಿ ಪ್ಯಾಕೆಟ್ಟಿನ ಗರಿಷ್ಠ ಗಾತ್ರ ಸಾಮಾನ್ಯವಾಗಿ 1500 ಬೈಟ್. ಪ್ಯಾಕೆಟ್ಟಿಗೆ ಲೇಬಲ್ ಎಂಬ ಚೀಟಿ ಹಚ್ಚಿ ಸಾಗಿಸುವ, ಸೇವಾದಾರರ ಎಂಪಿಎಲ್‌ಎಸ್ ಜಾಲದಲ್ಲಿ ಅದರ ಮೇಲೆ ಒಂದೊಂದು ಲೇಬಲ್ಲಿಗೆ 4 ಬೈಟ್ ಸೇರುತ್ತವೆ. ನಡುವಿನ ಯಾವುದೋ ಲಿಂಕಿಗೆ ಆ ಹೆಚ್ಚುವರಿ ಬೈಟ್‌ಗಳಿಗೆ ಜಾಗ ಕೊಡದೆ ಬಿಟ್ಟಿದ್ದರೆ ದೊಡ್ಡ ಪ್ಯಾಕೆಟ್‌ಗಳು ಮಾತ್ರ ಸದ್ದಿಲ್ಲದೆ ಬಿದ್ದುಹೋಗುತ್ತವೆ. ತುಂಡರಿಸಬಾರದು ಎಂಬ ಸೂಚನೆಯೊಂದಿಗೆ 1472 ಬೈಟ್ ಗಾತ್ರದ ಪಿಂಗ್ ಕಳಿಸಿ ನೋಡಿ. ತಲೆಬರಹದ 28 ಬೈಟ್ ಸೇರಿ ಅದು ಸರಿಯಾಗಿ 1500 ಆಗುತ್ತದೆ. ಅದು ಹೋಗದೆ 1400 ಬೈಟಿನದು ಹೋದರೆ, ಆ ಎರಡು ಅಂಕಿಗಳನ್ನು ದೂರಿನಲ್ಲಿ ಬರೆಯಿರಿ.

ಪಿಂಗನ್ನು ಪೂರ್ತಿ ನಂಬದಿರಲು ಇನ್ನೊಂದು ಕಾರಣವಿದೆ, ಅದು ಸೇವಾದಾರರ ಕಡೆಯದು. ಲೇಬಲ್ ದಾರಿ ಮುರಿದಿದ್ದರೂ ಸಾಮಾನ್ಯ ಪಿಂಗ್ ಐಪಿ ದಾರಿ ಹಿಡಿದು ಎದುರಿನ ರೌಟರಿಗೆ ಮುಟ್ಟಬಹುದು. ಇದನ್ನು ತಪ್ಪಿಸಲೆಂದೇ ಲೇಬಲ್ ದಾರಿಯನ್ನೇ ಪರೀಕ್ಷಿಸುವ ಎಲ್‌ಎಸ್‌ಪಿ ಪಿಂಗ್ ಬಂತು. 2006ರ ಆರ್‌ಎಫ್‌ಸಿ 4379 ಅದನ್ನು ವಿವರಿಸಿತು, 2017ರಲ್ಲಿ ಆರ್‌ಎಫ್‌ಸಿ 8029 ಅದರ ಜಾಗಕ್ಕೆ ಬಂತು. ಅದರ ಸಂದೇಶದ ಮೇಲೆ 127ರಿಂದ ಶುರುವಾಗುವ ವಿಳಾಸ ಇರುತ್ತದೆ. ಯಾವ ರೌಟರೂ ಆ ವಿಳಾಸದ ಪ್ಯಾಕೆಟ್ಟನ್ನು ಐಪಿ ದಾರಿಯಲ್ಲಿ ಮುಂದೆ ಕಳಿಸುವಂತಿಲ್ಲವಾದ್ದರಿಂದ, ಲೇಬಲ್ ಎಲ್ಲಿ ಕಳಚುತ್ತದೆಯೋ ಅಲ್ಲಿಯೇ ಅದು ನಿಲ್ಲುತ್ತದೆ, ದೋಷ ಇರುವ ಜಾಗವೂ ಸಿಗುತ್ತದೆ.

ಪ್ರಶ್ನೆ: ಚಿತ್ತಾಪುರದ ನಮ್ಮ ಮನೆಯ ಹಳೆಯ ಎಡಿಎಸ್‌ಎಲ್ ಮೋಡೆಮ್‌ನ ಪುಟದಲ್ಲಿ 0 ಮತ್ತು 35 ಎಂಬ ಎರಡು ಅಂಕಿಗಳಿವೆ, 'ಎಫ್5 ಪಿಂಗ್' ಎಂಬ ಪರೀಕ್ಷೆಯೂ ಇದೆ. ಇವು ಏನು?

ಉತ್ತರ: 0 ಎಂಬುದು ವಿಪಿಐ, 35 ಎಂಬುದು ವಿಸಿಐ, ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಬಳಸಿದವರಿಗೆ ಈ ಜೋಡಿ ಬಾಯಿಪಾಠ. ನಿಮ್ಮ ಡೇಟಾ 53 ಬೈಟಿನ ಎಟಿಎಂ ಸೆಲ್‌ಗಳಾಗಿ ಹೊರಡುತ್ತದೆ, ಪ್ರತಿ ಸೆಲ್ಲಿನ 5 ಬೈಟ್ ತಲೆಬರಹದಲ್ಲಿ ಈ ಎರಡು ಅಂಕಿಗಳು ಇರುತ್ತವೆ. ಮೊದಲ ಉತ್ತರದಲ್ಲಿ ಹೇಳಿದ ಚೀಟಿ ಇದೇ. 35ರ ಬದಲು 32 ಎಂದು ಹಾಕಿದರೆ ಡಿಎಸ್‌ಎಲ್ ದೀಪ ಸ್ಥಿರವಾಗಿ ಉರಿಯುತ್ತದೆ, ಇಂಟರ್ನೆಟ್ ಮಾತ್ರ ಬರುವುದಿಲ್ಲ.

ಎಫ್5 ಪಿಂಗ್ ಎಂದರೆ ಬೀದರ್‌ನ ವಿದ್ಯಾರ್ಥಿನಿಗೆ ವಿವರಿಸಿದ ಲೂಪ್‌ಬ್ಯಾಕ್ ಸೆಲ್. ಅದರಲ್ಲಿ ಎರಡು ಬಗೆ: ಸೆಗ್ಮೆಂಟ್ ಎಂಬುದು ಸಾಮಾನ್ಯವಾಗಿ ಎಕ್ಸ್‌ಚೇಂಜ್‌ನಲ್ಲಿ ಮನೆಗಳ ತಂತಿಗಳು ಬಂದು ಸೇರುವ ಡಿಸ್‌ಲ್ಯಾಮ್ ಎಂಬ ಯಂತ್ರದವರೆಗಿನ ಪರೀಕ್ಷೆ, ಎಂಡ್ ಟು ಎಂಡ್ ಎಂಬುದು ಎಟಿಎಂ ಸರ್ಕ್ಯೂಟಿನ ಕೊನೆಯವರೆಗಿನದು. ಸೆಗ್ಮೆಂಟ್ ಪಾಸಾಗಿ, ಎಂಡ್ ಟು ಎಂಡ್ ಫೇಲಾಗಿ, ಇಂಟರ್ನೆಟ್ಟೂ ಇಲ್ಲದಿದ್ದರೆ ನಿಮ್ಮ ಮನೆಯ ತಂತಿ ಸರಿಯಿದೆ, ದೋಷ ಎಕ್ಸ್‌ಚೇಂಜ್‌ನಿಂದ ಆಚೆಗೆ ಇರುವ ಸಂಭವ ಹೆಚ್ಚು. ಕೆಲವು ಎಕ್ಸ್‌ಚೇಂಜ್‌ಗಳ ಉಪಕರಣಗಳು ಈ ಸೆಲ್‌ಗಳಿಗೆ ಉತ್ತರಿಸದಂತೆ ಹೊಂದಿಸಿರುತ್ತಾರೆ. ಆದ್ದರಿಂದ ಇಂಟರ್ನೆಟ್ ಚೆನ್ನಾಗಿ ಬರುತ್ತಿರುವ ಒಂದು ದಿನ ಈ ಎರಡು ಪರೀಕ್ಷೆಗಳನ್ನೂ ಮಾಡಿ, ಯಾವುದು ಪಾಸಾಯಿತು, ಯಾವುದು ಫೇಲಾಯಿತು ಎಂದು ಮೋಡೆಮ್‌ನ ಬೆನ್ನಿಗೆ ಒಂದು ಕಾಗದ ಅಂಟಿಸಿ ಬರೆದಿಡಿ. ಲಿಂಕ್ ಹೋದ ದಿನ ಹೋಲಿಸಿ ನೋಡಲು ಅದು ಬೇಕಾಗುತ್ತದೆ.