ಹೊಟ್ಟೆ ಗೆರೆ, ಮುರುಗಲ ತುಪ್ಪ, ಮತ್ತೆ ಚೀಲದಲ್ಲಿದ್ದ ಆ ಟ್ಯೂಬು

ಕುಮಟಾ ಕಡೆ ಹುಡುಗಿ, ವಯಸ್ಸು 24, ಚೊಚ್ಚಲ ಬಸುರಿ, ಏಳು ತುಂಬಿ ಎಂಟಕ್ಕೆ ಬಿದ್ದಿತ್ತು. ಗಂಡಂಗೆ ಗೋವಾದಲ್ಲಿ ಕೆಲಸ, ರಜೆ ಸಿಕ್ಕಾಗ ಬರೂದು. ಗುರುತು ಸಿಗ್ಬಾರ್ದು ಅಂತ ಕೆಲವು ವಿವರ ಬದ್ಲಾಯಿಸಿದ್ದೇನೆ, ಆದ್ರೆ ತೊಂದರೆ ಇದ್ದ ಹಾಗೇ ಇದೆ. ಅತ್ತೆನೇ ಕರ್ಕೊಂಡು ಬಂದಿದ್ದು, "ರಾತ್ರಿ ನಿದ್ದೆ ಮಾಡೂದಿಲ್ಲ, ಅನ್ನ ಕಂಡ್ರೆ ಬ್ಯಾಡ ಹೇಳ್ತದೆ, ಎಂತ ಆಯ್ತು ಕೇಳಿದ್ರೆ ಅಳ್ತದೆ" ಅಂತ ಒಂದೇ ಉಸುರಿಗೆ ಹೇಳಿ ಮುಗ್ಸಿದ್ರು. ಅವರನ್ನ ಹೊರಗೆ ಕೂರಿಸಿ ಹುಡುಗಿ ಜೊತೆ ಮಾತಾಡಿದೆ.

ಅರ್ಧ ಗಂಟೆ ಊಟ ನಿದ್ದೆ ಬಗ್ಗೆನೇ ಮಾತಾಯ್ತು. ಆಮೇಲೆ ಮೆಲ್ಲಗೆ ಹೊರಗೆ ಬಂತು, ಹೊಟ್ಟೆ ಮೇಲೆ ತೊಡೆ ಮೇಲೆ ಕೆಂಪು-ನೇರಳೆ ಗೆರೆ ಬಿದ್ದಿದೆ, ಗಂಡ ಬಂದಾಗ ದೀಪ ಆರಿಸಿ ಬಟ್ಟೆ ಬದಲಿಸ್ತೇನೆ, ವೀಡಿಯೋ ಕಾಲಲ್ಲಿ ಮುಖ ಬಿಟ್ಟು ಬೇರೆ ತೋರ್ಸೂದಿಲ್ಲ, ಹೊಟ್ಟೆ ಇನ್ನೂ ಹಿಗ್ಗಿದ್ರೆ ಗೆರೆ ಜಾಸ್ತಿ ಆಗ್ತದೆ ಅಂತ ಮಧ್ಯಾಹ್ನ ಒಂದೇ ಹಿಡಿ ಅನ್ನ ಉಣ್ತೇನೆ ಅಂತ. ಅತ್ತೆ ಹೇಳಿದ "ಅನ್ನ ಬ್ಯಾಡ" ಅನ್ನೂದಕ್ಕೆ ಕಾರಣ ಇದು. ನಂಗೆ ಗೆರೆಗಿಂತ ಈ ಊಟದ ಮಾತೇ ಜಾಸ್ತಿ ಕಳವಳ ತಂತು.

ಹಾಗಾಗಿ ಮೊದ್ಲು ಅದನ್ನೇ ಹಿಡ್ಕೊಂಡೆ. ಬಸುರಿಗೆ ಮುಂಚೆ ತೂಕ ಸರಿಯಾಗಿದ್ದವ್ರು ಒಂಬತ್ತು ತಿಂಗಳಲ್ಲಿ ಹನ್ನೊಂದೂವರೆಯಿಂದ 16 ಕೆಜಿ ಏರೂದು ಆರೋಗ್ಯದ ಲಕ್ಷಣ. ಗೆರೆ ಬೀಳೂದು ಊಟದಿಂದ ಮಾತ್ರ ಅಲ್ಲ. ಚರ್ಮದ ಮೇಲ್ಪದರದ ಕೆಳಗೆ ಒಂದು ಪದರ ಉಂಟಲ್ಲ, ಅಲ್ಲಿ ಕೊಲಾಜೆನ್ ಅನ್ನೋ ನಾರು ಇರ್ತದೆ, ಬೇಗ ಹಿಗ್ಗಿದಾಗ ಅದು ಅಲ್ಲಲ್ಲಿ ಹರೀತದೆ, ಬಸುರಿಯ ಹಾರ್ಮೋನು ಆ ನಾರನ್ನ ಇನ್ನೂ ಸಡಿಲ ಮಾಡ್ತದೆ, ಅಮ್ಮಂಗೆ ಗೆರೆ ಬಿದ್ದಿದ್ರೆ ಮಗಳಿಗೂ ಬೀಳೂದು ಜಾಸ್ತಿ, ಸಣ್ಣ ವಯಸ್ಸಲ್ಲಿ ಬಸುರಾದ್ರೆ ಇನ್ನೂ ಜಾಸ್ತಿ. ಅರ್ಧಕ್ಕಿಂತ ಹೆಚ್ಚು ಬಸುರಿಯರಿಗೆ ಬೀಳ್ತದೆ. "ನಿನ್ನ ಅಮ್ಮಂಗೆ ಉಂಟಾ?" ಕೇಳಿದೆ. ನೋಡೇ ಇಲ್ಲ ಅಂದ್ಲು. ಎಲ್ಲಿ ನೋಡ್ತಾಳೆ ಪಾಪ, ನಮ್ಮ ಕಡೆ ಯಾರೂ ತೋರ್ಸೂದೂ ಇಲ್ಲ ಹೇಳೂದೂ ಇಲ್ಲ, ಪ್ರತಿಯೊಬ್ಳೂ ತನಗೊಬ್ಳಿಗೇ ಆಗಿದೆ ಅಂದ್ಕೊಂಡು ಕೂತಿರ್ತಾಳೆ.

ಆಮೇಲೆ "ಎಂತೆಂತ ಹಚ್ತಾ ಇದ್ದೆ?" ಕೇಳಿದ್ದಕ್ಕೆ ಚೀಲ ಬಿಚ್ಚಿದ್ಲು. ಒಂದು ಸಣ್ಣ ಬಾಟ್ಲಿ ಗೇರೆಣ್ಣೆ, ಹಿಮ್ಮಡಿ ಒಡಕಿಗೆ ಹಚ್ಚಿದ್ರೆ ಒಳ್ಳೇದಾಗ್ತದೆ, ಹೊಟ್ಟೆಗೂ ಆಗ್ಬಹುದು ಅಂತ ಪಕ್ಕದ ಮನೆಯವ್ರು ಕೊಟ್ಟದ್ದು. ಅದನ್ನ ನೋಡಿ ನಂಗೆ ಮೈ ಜುಮ್ ಅಂತು. ಗೇರುಬೀಜದ ಸಿಪ್ಪೆ ಎಣ್ಣೆ ಚರ್ಮ ಸುಡ್ತದೆ, ಗೇರು ಫ್ಯಾಕ್ಟರಿಯಲ್ಲಿ ಬೀಜ ಬಿಡಿಸೋ ಹೆಂಗಸರ ಬೆರಳು ನೋಡಿದವ್ರಿಗೆ ಗೊತ್ತು. ಪುಣ್ಯಕ್ಕೆ ಇನ್ನೂ ಮುಚ್ಚಳ ತೆಗೆದಿರ್ಲಿಲ್ಲ. ಇನ್ನೊಂದು ಡಬ್ಬಿಯಲ್ಲಿ ನಿಂಬೆರಸಕ್ಕೆ ಅಡುಗೆ ಸೋಡಾ ಕಲಸಿದ ಪೇಸ್ಟು, ರೀಲ್ಸ್ ನೋಡಿ ಮಾಡಿದ್ದು. ಅದನ್ನ ಹಚ್ಚಿದ ಕಡೆ ಚರ್ಮ ಒಣಗಿ ಕೆಂಪಾಗಿತ್ತು, ತುರಿಕೆ ಅಲ್ಲೇ ಜಾಸ್ತಿ.

ಮೂರನೇದು ಟ್ಯೂಬು. ಹೋದ ಮಳೆಗಾಲದಲ್ಲಿ ತೊಡೆ ಸಂದಿಯಲ್ಲಿ ಗಜಕರ್ಣ ಆಗಿತ್ತಂತೆ, ನಮ್ಮ ಕರಾವಳಿ ಸೆಕೆಗೆ ಅದು ಮಾಮೂಲಿ. ಮೆಡಿಕಲ್ ಶಾಪಲ್ಲಿ ಚೀಟಿ ಇಲ್ಲದೇ ಕೊಟ್ಟ ಕ್ರೀಮು, ಹಚ್ಚಿದ ಕೂಡ್ಲೇ ತುರಿಕೆ ನಿಲ್ತಿತ್ತು, ಬಿಟ್ರೆ ಮತ್ತೆ ಬರ್ತಿತ್ತು, ಹಾಗೇ ತಿಂಗಳುಗಟ್ಲೆ ಹಚ್ಚಿದ್ದಾಳೆ, ಈಗ ಹೊಟ್ಟೆ ತುರಿಕೆಗೂ ಅದನ್ನೇ ಶುರು ಮಾಡಿದ್ಲು. ಟ್ಯೂಬಿನ ಬೆನ್ನ ಮೇಲಿನ ಸಣ್ಣ ಅಕ್ಷರ ಓದ್ಸಿದೆ: ಕ್ಲೋಬೆಟಾಸಾಲ್. ಅದು ಬಹಳ ಜೋರಿನ ಸ್ಟಿರಾಯ್ಡ್. ತಿಂಗಳುಗಟ್ಲೆ ಹಚ್ಚಿದ್ರೆ ಚರ್ಮ ತೆಳುವಾಗಿ ತಾನೇ ಗೆರೆ ಬೀಳಿಸ್ತದೆ, ತೊಡೆ ಸಂದಿಯಂಥ ಮೆತ್ತಗಿನ ಜಾಗದಲ್ಲಂತೂ ಇನ್ನೂ ಬೇಗ. ಅವಳ ತೊಡೆ ಗೆರೆ ಹೊಟ್ಟೆಗಿಂತ ಅಗಲ, ಆಳ ಇದ್ದದ್ದಕ್ಕೆ ಇದೇ ಕಾರಣ ಇರ್ಬಹುದು ಅಂತ ನಂಗೆ ಅನ್ನಿಸ್ತು, ಆದ್ರೆ ಅದನ್ನ ಹೇಳ್ಬೇಕಾದ್ದು ಚರ್ಮದ ಡಾಕ್ಟ್ರು, ನಾನಲ್ಲ. ಹೊಟ್ಟೆಗೆ ಇವತ್ತಿಂದ್ಲೇ ಹಚ್ಬೇಡ, ಟ್ಯೂಬನ್ನ ಬಿಸಾಡ್ಬೇಡ, ಹಾಗೇ ತಗೊಂಡು ಹೋಗಿ ಡಾಕ್ಟ್ರಿಗೆ ತೋರ್ಸು ಅಂದೆ.

ಇನ್ನೊಂದು ಪ್ರಶ್ನೆ ನಾನು ತುರಿಕೆ ಅಂದ ಬಸುರಿಯರಿಗೆಲ್ಲ ಕೇಳ್ತೇನೆ: ಅಂಗೈ ಅಂಗಾಲು ತುರಿಸ್ತದಾ, ರಾತ್ರಿ ಜಾಸ್ತಿಯಾ? ಅವಳು ಸ್ವಲ್ಪ ಯೋಚಿಸಿ, ಹೌದು, ಅಂಗಾಲು, ಅದಕ್ಕೇ ನಿದ್ದೆ ಬರೂದಿಲ್ಲ ಅಂದ್ಲು. ಇದು ಎಣ್ಣೆ ಹಚ್ಚಿ ಕೂರೋ ತುರಿಕೆ ಅಲ್ಲ. ಕೊನೇ ಮೂರು ತಿಂಗಳಲ್ಲಿ ಕೆಲವ್ರಿಗೆ ಲಿವರಿನಿಂದ ಪಿತ್ತರಸ ಸರಿ ಹರೀದೆ ರಕ್ತಕ್ಕೆ ಸೇರ್ತದೆ, ಕೊಲೆಸ್ಟಾಸಿಸ್ ಅಂತಾರೆ, ಮೈ ಮೇಲೆ ಗುಳ್ಳೆ ಏನೂ ಕಾಣೂದಿಲ್ಲ ಬರೀ ತುರಿಕೆ, ಆದ್ರೆ ಹೊಟ್ಟೆಯ ಮಗುವಿಗೆ ಅಪಾಯ ಇರ್ತದೆ. ರಕ್ತದಲ್ಲಿ ಬೈಲ್ ಆಸಿಡ್ ಮತ್ತೆ ಲಿವರ್ ಟೆಸ್ಟ್ ಮಾಡಿದ್ರೆ ಗೊತ್ತಾಗ್ತದೆ. ಅತ್ತೆನ ಒಳಗೆ ಕರೆದು ತಾಯಿ ಕಾರ್ಡ್ ತಗೊಂಡು ಇವತ್ತೇ ಡಾಕ್ಟ್ರ ಹತ್ರ ಹೋಗಿ ಅಂದೆ. ಸರ್ಕಾರಿ ಆಸ್ಪತ್ರೆಯಲ್ಲಿ ಪ್ರತಿ ತಿಂಗಳು 9ನೇ ತಾರೀಕು ಬಸುರಿಯರಿಗೆ ಫ್ರೀ ತಪಾಸಣೆ ಇರ್ತದೆ, ಆದ್ರೆ ಈ ತುರಿಕೆಗೆ ಒಂಬತ್ತನೇ ತಾರೀಕು ಕಾಯ್ಬೇಡಿ ಅಂತ್ಲೂ ಹೇಳ್ದೆ. ಹೋದ್ರು. ಟೆಸ್ಟ್ ನಾರ್ಮಲ್ ಬಂತು, ಅಂಗಾಲು ಒಣಗಿದ್ದಕ್ಕೆ ತುರಿಕೆ ಅಂದ್ರಂತೆ, ತುರಿಕೆ ಹೆಚ್ಚಾದ್ರೆ ಮತ್ತೆ ಬನ್ನಿ ಅಂತ ಕಳ್ಸಿದ್ರು. ಗಜಕರ್ಣಕ್ಕೆ ಬಸುರಿಯಲ್ಲಿ ನಡೆಯೋ ಬೇರೆ ಕ್ರೀಮು ಬರ್ಕೊಟ್ರು.

ಇನ್ನು ಮನೆಮದ್ದು. ಅವಳಿಗೆ ನೇರ ಹೇಳ್ದೆ, ಗೆರೆ ಅಳಿಸೋ ಎಣ್ಣೆ ಇಲ್ಲ. 2012ರಲ್ಲಿ, ವೈದ್ಯಕೀಯ ಪ್ರಯೋಗಗಳನ್ನ ಒಟ್ಟು ಸೇರ್ಸಿ ತೂಗಿ ನೋಡೋ ಕಾಕ್ರೇನ್ ಸಂಸ್ಥೆಯವ್ರು ಆರು ಪ್ರಯೋಗ, 800 ಹೆಂಗಸರ ಲೆಕ್ಕ ಸೇರ್ಸಿ ನೋಡಿದಾಗ ಯಾವ ಕ್ರೀಮೂ ಎಣ್ಣೆಯೂ ಗೆರೆ ತಡೀತದೆ ಅನ್ನೋಕೆ ಗಟ್ಟಿ ಆಧಾರ ಸಿಗ್ಲಿಲ್ಲ. ಹಾಗಂತ ಹಚ್ಚೂದು ದಂಡ ಅಲ್ಲ, ಚರ್ಮ ಬಿಗಿದ ಹಾಗೆ ಆಗೂದು, ತುರಿಕೆ, ಎರಡೂ ಇಳೀತದೆ. ಅವಳ ಮನೆಯಲ್ಲೇ ಮುರುಗಲ ತುಪ್ಪದ (ಕೋಕಂ ಬೀಜದಿಂದ ತೆಗೆದ ಕೊಬ್ಬು) ಗಟ್ಟಿ ಉಂಡೆ ಇತ್ತು, ಸಿರ್ಸಿ ನೆಂಟರು ತಂದದ್ದು. ಒಂದು ಚಮಚ ಕೆರೆದು ನಾಲ್ಕು ಚಮಚ ಗಾಣದ ತೆಂಗಿನೆಣ್ಣೆಗೆ ಹಾಕಿ, ಬಟ್ಟಲನ್ನ ಬಿಸಿನೀರಲ್ಲಿಟ್ಟು ಕರಗಿಸು, ನೇರ ಒಲೆ ಮೇಲಿಡ್ಬೇಡ, ಒಣಗಿದ ಗಾಜಿನ ಬಾಟ್ಲಿಗೆ ಹಾಕು, ಒಂದು ಹನಿ ನೀರು ಸೇರ್ಬಾರ್ದು. ಮೊಣಕೈ ಒಳಗೆ ಚೂರು ಹಚ್ಚಿ ಎರಡು ದಿನ ನೋಡಿ, ಉರಿ ತುರಿಕೆ ಇಲ್ಲದಿದ್ರೆ ಹೊಟ್ಟೆಗೆ. ಸ್ನಾನ ಆಗಿ ಮೈ ಇನ್ನೂ ಸ್ವಲ್ಪ ಒದ್ದೆ ಇರುವಾಗ ಮೆಲ್ಲಗೆ ಸವರೂದು, ಹಿಂಡೂದಲ್ಲ, ತಿಕ್ಕೂದಲ್ಲ. ಗಜಕರ್ಣ ಇರೋ ಸಂದಿಗೆ ಎಣ್ಣೆ ಬೇಡ. ಎಣ್ಣೆ ಕಾಲಲ್ಲಿ ಬಚ್ಚಲು ಮನೆ ಕಲ್ಲಿನ ಮೇಲೆ ಓಡಾಡ್ಬೇಡ, ಕಾಲು ಒರೆಸ್ಕೊ, ಎಂಟನೇ ತಿಂಗಳಲ್ಲಿ ಜಾರಿ ಬಿದ್ರೆ ಗೆರೆ ಚಿಂತೆ ಎಲ್ಲಾ ಮರ್ತು ಹೋಗ್ತದೆ. ಹಂಡೆಯಿಂದ ಹೊಗೆಯಾಡೋ ನೀರು ಹೊಯ್ಕೊಳ್ಳೂದೂ ಬೇಡ, ಉಗುರು ಬೆಚ್ಚಗೆ ಸಾಕು, ಕಡ್ಲೆಹಿಟ್ಟು ಹಾಕಿ ಉಜ್ಜೂದು ಬಿಡು. ಲೋಳೆಸರ ಹಚ್ಚಬಹುದು, ಕತ್ತರಿಸಿ ನಿಲ್ಲಿಸಿ ಹಳದಿ ರಸ ಇಳಿದ ಮೇಲೆ ಒಳಗಿನ ತಿಳಿ ಲೋಳೆ ಮಾತ್ರ, ಕುಡಿಯೋಕೆ ಮಾತ್ರ ಖಂಡಿತ ಬೇಡ. ಕರ್ಪೂರ ಹಾಕಿದ ನೋವಿನೆಣ್ಣೆ, ಪರಿಮಳದ ಎಣ್ಣೆ ಯಾವ್ದೂ ಬೇಡ.

ಅತ್ತೆಗೆ ಒಂದು ಮಾತು ಬಂತು, "ತುರಿಸ್ಕೊಂಡಿದ್ದಕ್ಕೇ ಗೆರೆ ಬಿದ್ದದ್ದು ಅಲ್ವಾ, ನಾನು ಆಗ್ಲೇ ಹೇಳಿದ್ದೆ" ಅಂತ. ಅಲ್ಲಮ್ಮ ಅಂದೆ. ತುರಿಸಿದ್ರೆ ಗಾಯ ಆಗ್ತದೆ, ಗೆರೆ ಆಗೂದಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ನಿದ್ದು, ತಮ್ಮ ಸೆರಗು ಸರಿಸಿ ಸೊಂಟದ ಹತ್ರ ಬೆಳ್ಳಗಿನ ಸಾಲು ತೋರ್ಸಿ, ಇದು ನಿನ್ನ ಗಂಡ ಹುಟ್ಟಿದಾಗಿಂದು ಅಂದ್ರು ಸೊಸೆಗೆ. ನನ್ನ ಅಷ್ಟು ಮಾತಿಗೂ ನಗದವಳು ಅದಕ್ಕೆ ನಕ್ಕಳು.

ಗಂಡಂಗೆ ಹೇಳೂದು ಬಿಡೂದು ಅವಳಿಗೇ ಬಿಟ್ಟೆ, ಬಲವಂತ ಮಾಡ್ಲಿಲ್ಲ. ಮಧ್ಯಾಹ್ನ ಸರಿಯಾಗಿ ಉಣ್ಬೇಕು, ಜೊತೆಗೆ ಮೀನೋ ಮೊಟ್ಟೆಯೋ ಬೇಳೆಯೋ ಇರ್ಬೇಕು ಅನ್ನೂದಕ್ಕೆ ಮಾತ್ರ ಒಪ್ಪಿಗೆ ತಗೊಂಡೆ, ಅಳು ಎರಡು ವಾರಕ್ಕೂ ನಿಲ್ಲದಿದ್ರೆ ನನ್ನ ಹತ್ರ ಬಾ, ರಾತ್ರಿ ತಡೀಲಾರದೇ ಇದ್ರೆ 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡು, ಕನ್ನಡದಲ್ಲೇ ಮಾತಾಡ್ತಾರೆ ಅಂದೆ.

ಹೋಗುವಾಗ ಬಾಗಿಲ ಹತ್ರ ನಿಂತು, ಹೆರಿಗೆ ಆದ್ಮೇಲೆ ಲೇಸರ್ ಮಾಡಿಸ್ಲಾ ಕೇಳಿದ್ಲು. ಕೆಂಪು ಗೆರೆ ತಾನೇ ತಿಂಗಳುಗಳಲ್ಲಿ ಬಿಳಿಚಿ ತೆಳುವಾಗ್ತದೆ, ಪೂರ್ತಿ ಹೋಗೂದಿಲ್ಲ, ಅದಾದ ಮೇಲೂ ಬೇಕನ್ನಿಸಿದ್ರೆ ಚರ್ಮದ ಡಾಕ್ಟ್ರನ್ನ ಕೇಳು, ರೆಟಿನಾಲ್ (ವಿಟಮಿನ್ ಎ ಜಾತಿಯದ್ದು) ಅಂತ ಬರೆದ ಕ್ರೀಮು ಮಾತ್ರ ಈಗ್ಲೂ ಬೇಡ, ಹಾಲು ಕುಡಿಸುವಾಗ ಡಾಕ್ಟ್ರನ್ನ ಕೇಳ್ದೇ ಹಚ್ಲೂ ಬೇಡ ಅಂದೆ. ಗೇರೆಣ್ಣೆ ಬಾಟ್ಲಿನ ಅತ್ತೆ ತಮ್ಮ ಚೀಲಕ್ಕೆ ಹಾಕ್ಕೊಂಡ್ರು, ಪಕ್ಕದ ಮನೆಗೆ ವಾಪಸ್ ಕೊಡೋಕೆ.